ಅಪ್ಪನ ಕಾರಿನ ಗಡಿಯಾರ

ಅಪ್ಪನ ಕಾರಿನ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ಅದೇನೂ ಕೆಟ್ಟಿಲ್ಲ, ಅಪ್ಪನೇ ಹಾಗೆ ಇಟ್ಟಿದ್ದಾನೆ. ಮದುವೆ ಮನೆಗೆ ಪೆಂಡಾಲು ಕಟ್ಟುವವರಿಗಿಂತ ಮೊದಲೇ ಹೋಗಿ ಕೂರುವ ಮನುಷ್ಯ ಅವನು. ಗೋಕಾಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ದಿನ, ಸೀಟಿನ ಧೂಳು ಕೊಡವುವ ಮುಂಚೆ, ಮಾಡಿದ ಮೊದಲ ಕೆಲಸ ಗಡಿಯಾರವನ್ನು ಮುಂದಕ್ಕೆ ತಳ್ಳಿದ್ದು. ಹೋದ ವರ್ಷ ಅವನ ಕಣ್ಣಿಗೆ ಪೊರೆ ಬಂದು ಕೀಲಿ ನನ್ನ ಕೈಗೆ ಬಂತು. ಗಡಿಯಾರದ ತಂಟೆಗೆ ನಾನು ಹೋಗಲಿಲ್ಲ. ಹೋಗಿದ್ದರೆ ಮನೆಯಲ್ಲಿ ವಾರಗಟ್ಟಲೆ ಅದೇ ಮಾತಾಗುತ್ತಿತ್ತು.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವವರ ಮನೆತನ, ಮೂಡಲಗಿಯಲ್ಲಿ ಅಂಗಡಿ. ನಮಾಜು ಬಿಟ್ಟರೆ ಮನೆಯಲ್ಲಿ ಆಡುವುದೆಲ್ಲ ಕನ್ನಡವೇ. ಬೈಯುವುದೂ ಕನ್ನಡದಲ್ಲೇ, ಅದರಲ್ಲಿ ನನ್ನದು ಒಂದು ಕೈ ಮೇಲು ಎಂದು ಅವ್ವ ಹೇಳುತ್ತಾಳೆ. ಈಗ ಅಂಗಡಿಯನ್ನು ಕಿರಿಮಗಳು ನಾನೇ ನೋಡಿಕೊಳ್ಳುತ್ತೇನೆ. ಗಿರಾಕಿಗಳನ್ನು ಸಂಭಾಳಿಸಬೇಕಾದರೆ ನಾಲಿಗೆ ಸ್ವಲ್ಪ ಚುರುಕೇ ಇರಬೇಕು.

ಅವ್ವನಿಗೆ ಸಕ್ಕರೆ ಕಾಯಿಲೆ. ಹಿಂದಿನ ಎರಡು ರಂಜಾನಿನಲ್ಲಿ ಒಂದೇ ಒಂದು ರೋಜಾ ಹಿಡಿಯಲೂ ಡಾಕ್ಟರು ಬಿಟ್ಟಿರಲಿಲ್ಲ. ಆಗದವರು ಬಡವರಿಗೆ ಊಟ ಹಾಕಿದರೆ ಸಾಕು ಎಂದು ಎಲ್ಲರೂ ಸಮಾಧಾನ ಹೇಳಿದರು. ಅವ್ವ ಊಟವನ್ನೇನೋ ಹಾಕಿದಳು, ಸಮಾಧಾನ ಮಾತ್ರ ಆಗಲಿಲ್ಲ. "ಅನ್ನ ಕೊಟ್ನಿ, ಖರೆ. ನನ್ನ ಹಸಿವು ಯಾರಿಗೆ ಕೊಡ್ಲಿ?" ಎಂದು ನನ್ನನ್ನು ಕೇಳಿದಳು. ಸಣ್ಣ ಹುಡುಗಿಯಾಗಿದ್ದಾಗಿನಿಂದ ರೋಜಾ ಹಿಡಿದುಕೊಂಡು ಬಂದವಳು. ಉಳಿದವರು ಉಪವಾಸವಿದ್ದಾಗ ತಾನೊಬ್ಬಳೇ ಅಡುಗೆಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಮುರಿಯುವುದು ಅವಳಿಗೆ ನಾಚಿಕೆಯಾಗುತ್ತಿತ್ತು, ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಿದ್ದಳು.

ಈ ವರ್ಷ ಗೋಕಾಕದ ಡಾಕ್ಟರ ಮುಂದೆ ಕೂತು ಚೌಕಾಸಿಗೆ ಇಳಿದಳು.

"ಹತ್ತ ರೋಜಾ ಹಿಡೀಲೇನ್ರಿ?"

"ಬ್ಯಾಡ್ರಿ."

"ಐದು?"

"ಅಮ್ಮಾರ, ಇದು ಸಂತಿ ಅಲ್ರಿ."

"ಹಂಗಾರ ಒಂದು. ಕಡೀ ಶುಕ್ರವಾರದ್ದು, ಒಂದ ಒಂದು."

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗುಳಿಗೆ ಹೇಗೆ ಬದಲಿಸಬೇಕು, ನಸುಕಿನಲ್ಲಿ ಏನು ತಿನ್ನಬೇಕು ಎಲ್ಲ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು. "ಒಂದಂದ್ರ ಒಂದು. ಕೈ ನಡುಗಿದ್ರ, ತಣ್ಣನ ಬೆವರ ಬಂದ್ರ, ಗಡಿಯಾರ ನೋಡ್ಕೋತ ಕುಂದ್ರಬ್ಯಾಡ್ರಿ. ಸಿಹಿ ತಿನ್ನಿಸಿಬಿಡ್ರಿ." ಅವ್ವ ಪಕ್ಕದಿಂದ ಹ್ಞೂಂ ಅಂದಳು. ಅವಳ ಹ್ಞೂಂ ಎಂಥದ್ದು ಎಂದು ನನಗೆ ಗೊತ್ತಿತ್ತು. ಹೊರಗೆ ಬಂದು ಅಕ್ಕನ ಮಕ್ಕಳಿಗೆಂದು ಒಂದು ಡಬ್ಬಿ ಕರದಂಟು ಕೊಂಡು ಮನೆಗೆ ಬಂದೆವು.

ಅಕ್ಕನನ್ನು ಕೊಟ್ಟಿದ್ದು ಹುಕ್ಕೇರಿಗೆ. ಆ ಶುಕ್ರವಾರ ಇಫ್ತಾರಿಗೆ ನಮ್ಮನ್ನೆಲ್ಲ ಕರೆದಿದ್ದಳು. ಅಪ್ಪ ಬೆಳಗಿನ ಬಸ್ಸಿಗೇ ಹೋಗಿಬಿಟ್ಟ. ಸಂಜೆಯ ಊಟಕ್ಕೆ ಈಗಲೇ ಯಾಕೆ ಎಂದರೆ "ದಾರ್ಯಾಗ ಏನರ ಆದ್ರ?" ಎಂದ. ನಾನು ನಾಲ್ಕಕ್ಕೆ ಅಂಗಡಿ ಮುಚ್ಚಿ ಅವ್ವನನ್ನು ಕರೆದುಕೊಂಡು ಹೊರಡುವುದೆಂದು ಮಾತಾಗಿತ್ತು. ನಾಲ್ಕಕ್ಕೆ ಸರಿಯಾಗಿ ಮದುವೆ ಗಾದಿಯ ಗಿರಾಕಿ ಬಂದ. ಗಾದಿಗೆ ಗುದ್ದಿ ನೋಡಿದ, ಮೇಲೆ ಕೂತ, ಕಡೆಗೆ ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟ. "ಕಾಕಾ, ಮದಿವಿ ನಿಮ್ಮದೋ, ನಿಮ್ಮ ಮಗಂದೋ?" ಎಂದು ಕೇಳಿದೆ. ಆಗ ಎದ್ದ. ಹೊರಡುವಾಗ ಹೊತ್ತು ಮೀರಿಹೋಗಿತ್ತು, ನನ್ನ ತಲೆ ಆಗಲೇ ಕಾದಿತ್ತು.

ಕಾರಿನ ಒಳಗೆ ಕುಲುಮೆಯ ಝಳ. ಹೊರಗಿನ ಶಾಖ ಮೂವತ್ತೇಳು ಎಂದು ಮುಂದಿನ ಫಲಕ ತೋರಿಸುತ್ತಿತ್ತು. ಎಸಿ ಇಪ್ಪತ್ತೇಳರ ಕೆಳಗೆ ಇಳಿಸಬಾರದು, ಪೆಟ್ರೋಲು ಕುಡಿಯುತ್ತದೆ ಎಂಬುದು ಅಪ್ಪನ ಕಾನೂನು. ನಾನು ಇಪ್ಪತ್ತೆರಡಕ್ಕೆ ಇಳಿಸಿದೆ. ಗಾಜುಗಳನ್ನು ಪೂರ್ತಿ ಏರಿಸಿ ಹೊರಬಿದ್ದೆವು.

ಅವ್ವ ಮುಂದಿನ ಸೀಟಿನಲ್ಲಿ ಕೂತಿದ್ದು ಅದೇ ಎರಡನೆಯದೋ ಮೂರನೆಯದೋ ಸಲ. ಅಪ್ಪ ಓಡಿಸುವಾಗ ಅವಳ ಜಾಗ ಹಿಂದೆ, ಚೀಲಗಳ ಜೊತೆ. ತೊಡೆಯ ಮೇಲೆ ಖರ್ಜೂರದ ಡಬ್ಬಿ, ಅದರ ಮೇಲೆ ಕರದಂಟಿನ ಡಬ್ಬಿ, ಕಾಲ ಬುಡದಲ್ಲಿ ನೀರಿನ ಬಾಟಲಿ. ಹಸಿವು ಮರೆಯಲೆಂದು ಮಾತಿಗೆ ಶುರು ಮಾಡಿದಳು.

"ಇದೇನು ಮೂವತ್ತೇಳು?"

"ಹೊರಗಿನ ಧಗಿ."

"ಇದು ಇಪ್ಪತ್ತೆರಡು?"

"ನಾವು ಕೇಳಿದ ಥಂಡಿ."

"ಈ ಗುಂಡಿ ಮ್ಯಾಲ ಒಬ್ಬಾಂವ ಕುಂತಾನಲ್ಲ, ಯಾರಂವ?"

ಗಾಳಿ ಮುಖಕ್ಕೋ ಕಾಲಿಗೋ ಎಂದು ತೋರಿಸುವ ಚಿತ್ರವದು. ಗುಂಡಿ ಒತ್ತಿ ತೋರಿಸಿದೆ. ಬಾಣದ ಗುರುತು ಆ ಗೊಂಬೆಯ ಮುಖದಿಂದ ಕಾಲಿಗೆ ಬಂತು, ಅವ್ವನ ಕಾಲಿಗೂ ತಣ್ಣಗೆ ಗಾಳಿ ತಗುಲಿತು. "ಪಾಪ, ಅಂವಗೂ ಕಾಲ ನೋವೈತಿ ಕಾಣತೈತಿ," ಎಂದು ನಕ್ಕಳು. ಪೆಟ್ರೋಲು ಇನ್ನೆಷ್ಟು ದೂರಕ್ಕೆ ಬರುತ್ತದೆ ಎಂದು ತೋರಿಸುವ ಅಂಕಿಯನ್ನೂ ಕೇಳಿ ತಿಳಿದುಕೊಂಡಳು. ಗಡಿಯಾರದ ಸುದ್ದಿ ಮಾತ್ರ ಎತ್ತಲಿಲ್ಲ.

ಘಟಪ್ರಭಾ ದಾಟುವವರೆಗೂ ಎಲ್ಲ ನೆಟ್ಟಗಿತ್ತು. ಘೋಡಗೇರಿ ಕಡೆಯ ರಸ್ತೆಗೆ ಬಿದ್ದದ್ದೇ ತಡ, ಮುಂದೆ ಕಬ್ಬಿನ ಟ್ರ್ಯಾಕ್ಟರು. ಒಂದರ ಹಿಂದೆ ಒಂದು, ಪ್ರತಿಯೊಂದಕ್ಕೂ ಎರಡೆರಡು ಟ್ರೇಲರು, ಕಿವಿ ಕಿತ್ತುಹೋಗುವ ಹಾಗೆ ಹಾಡು. ಹಾರ್ನ್ ಒತ್ತಿದೆ, ಯಾರಿಗೆ ಕೇಳಬೇಕು? ಸ್ವಲ್ಪ ಮುಂದೆ ಹೋದಾಗ ಒಂದು ಟ್ರೇಲರಿನ ಗಾಲಿ ಕುಸಿದು ಕಬ್ಬಿನ ಹೊರೆಗಳು ರಸ್ತೆಯ ಮೇಲೆಲ್ಲ ಚೆಲ್ಲಿದ್ದವು. ಆ ಕಡೆಯಿಂದ ಬರುವವರಿಗೂ ದಾರಿ ಇಲ್ಲ, ಈ ಕಡೆಯಿಂದ ಹೋಗುವವರಿಗೂ ಇಲ್ಲ. ಹಿಂದೆ ಬಂದು ನಿಂತ ಲಾರಿ ನಮ್ಮ ಬಾಲಕ್ಕೇ ಅಂಟಿಕೊಂಡಿತು. ಅಲ್ಲೇ ಸಿಕ್ಕಿಬಿದ್ದೆವು.

ನಿಂತಲ್ಲಿ ನಿಲ್ಲುವುದು ನನಗೆ ಹುಟ್ಟಿದಾಗಿನಿಂದ ಆಗದ ಕೆಲಸ. ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತ ಪೆಟ್ರೋಲಿನ ಅಂಕಿ ನೋಡಿದೆ, ನಿಂತಲ್ಲೇ ಕಡಿಮೆಯಾಗುತ್ತಿತ್ತು. ಎಸಿ ಆರಿಸೋಣವೇ? ಆರಿಸಿದರೆ ಅವ್ವ ಬೇಯುತ್ತಾಳೆ. ಗಿರಾಕಿಯನ್ನು ಬೈದೆ, ಟ್ರ್ಯಾಕ್ಟರಿನವನನ್ನು ಬೈದೆ, ಬೆಳಿಗ್ಗೆಯೇ ಹೋಗಿ ಕೂತ ಅಪ್ಪನನ್ನೂ ಬೈದೆ. ಬಾಯಿಗೆ ಬಂದಂತೆ ಮಾತಾಡುತ್ತಿದ್ದರೆ "ರೋಜಾದಾಗ ಬೈಬಾರ್ದು" ಎಂದು ತಡೆಯುವ ಅವ್ವ ತಡೆಯಲಿಲ್ಲ. ಅದಕ್ಕೇ ತಿರುಗಿ ನೋಡಿದೆ.

ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

ಸೆಕೆ ಎಂದುಕೊಂಡು ಎಸಿಯನ್ನು ಇಪ್ಪತ್ತಕ್ಕೆ ಇಳಿಸಿದೆ. "ಥಂಡಿ ಹತ್ತಾಕತ್ತೈತಿ," ಎಂದು ಸೆರಗನ್ನು ಮೈತುಂಬ ಎಳೆದುಕೊಂಡಳು. ಇಪ್ಪತ್ತಾರಕ್ಕೆ ಏರಿಸಿದೆ. ಬೆವರು ಕುತ್ತಿಗೆಗೆ ಇಳಿಯಿತು. ಗಾಳಿಯ ದಿಕ್ಕು ಬದಲಿಸಿದೆ, ಕಮ್ಮಿ ಮಾಡಿದೆ, ಮತ್ತೆ ಜಾಸ್ತಿ ಮಾಡಿದೆ. ಯಾವ ಅಂಕಿಗೂ ಅವಳ ಮೈ ಒಪ್ಪಲಿಲ್ಲ. ಗುಂಡಿ ಬಿಟ್ಟು ಅವಳ ಕೈ ಹಿಡಿದೆ. ಬೆವರಿದ್ದ ಕೈ ಬಾವಿಯ ನೀರಿನಷ್ಟು ತಣ್ಣಗಿತ್ತು, ಬೆರಳುಗಳು ನಡುಗುತ್ತಿದ್ದವು. ಆಗ ಡಾಕ್ಟರ ಮಾತು ನೆನಪಾಯಿತು.

"ಅವ್ವಾ, ಡಬ್ಬಿ ತಗಿ. ತಿನ್ನು."

"ಇನ್ನೂ ಹೊತ್ತ ಐತಿ."

"ಹೊತ್ತ ಸುಡಗಾಡಿಗಿ ಹೋಗ್ಲಿ. ಡಾಕ್ಟರ್ ಏನ ಹೇಳ್ಯಾರು?"

"ಎರಡ ವರ್ಷದಾಗ ಒಂದ ರೋಜಾ, ಯವ್ವಾ. ಇಷ್ಟ ಹೊತ್ತು ತಡದೇನಿ. ಇನ್ನ ಇಷ್ಟ ತಡ್ಯಾಂಗಿಲ್ಲೇನು?" ಮಾತು ತೊದಲುತ್ತಿತ್ತು. "ಗಾಜ ಇಳಸು. ಬಾಂಗ ಕೇಳ್ಲಿ."

ಮಸೀದಿಯಲ್ಲಿ ಬಾಂಗು ಕೂಗದೆ ಅವಳು ಬಾಯಿ ತೆರೆಯುವವಳಲ್ಲ ಎಂದು ಖಾತ್ರಿಯಾಯಿತು. ಹೊಡೆದು ತಿನ್ನಿಸಲಾಗುತ್ತದೆಯೇ? ಆ ದಿನ ರೋಜಾ ಬಿಡುವ ಹೊತ್ತು ಆರು ನಲವತ್ತೆರಡು, ಮಸೀದಿಯವರು ಹಂಚಿದ ಕಾರ್ಡು ಅವ್ವನಿಗೆ ಬಾಯಿಪಾಠ. ನನ್ನ ಕಣ್ಣು ಫಲಕದ ಮೇಲೆ ಬಿತ್ತು. ಅಪ್ಪನ ಗಡಿಯಾರದಲ್ಲಿ ಆರು ಮೂವತ್ತೊಂಬತ್ತು. ಖರೆಯ ಹೊತ್ತಿಗೆ ಇನ್ನೂ ಹದಿಮೂರು ನಿಮಿಷ, ಅಪ್ಪನ ಹೊತ್ತಿಗೆ ಮೂರೇ ನಿಮಿಷ. ಹಿಂದೆ ಚೀಲಗಳ ಜೊತೆ ಕೂರುವ ಅವ್ವನಿಗೆ ಈ ಗುಟ್ಟು ಗೊತ್ತಿರಲಾರದು ಎಂದುಕೊಂಡೆ. ನನ್ನ ಫೋನನ್ನು ತೆಗೆದು ಬಾಗಿಲಿನ ಗೂಡಿಗೆ ತುರುಕಿದೆ. ಗಾಜು ಇಳಿಸಲಿಲ್ಲ.

"ಟ್ರ್ಯಾಕ್ಟರ್ ಹಾಡಿನಾಗ ಯಾವ ಬಾಂಗ ಕೇಳತೈತಿ? ಧೂಳ ಬರತೈತಿ. ಗಡಿಯಾರ ಐತಲ್ಲ, ಅದನ್ನ ನೋಡು," ಎಂದೆ.

ಆ ಮೂರು ನಿಮಿಷ ಹೇಗೆ ಕಳೆದೆ ಎಂದು ಈಗಲೂ ಹೇಳಲಾರೆ. ಸುಳ್ಳು ಹೊತ್ತು ಬರುವುದಕ್ಕೂ ಕಾಯಬೇಕಾಯಿತಲ್ಲ ಎಂದು ಸಿಟ್ಟು ಉಕ್ಕಿತು. ಒಂದು ಸಲ ಅವಳ ಕಣ್ಣು ಮುಚ್ಚಿಕೊಂಡಿತು, ಭುಜ ಹಿಡಿದು ಅಲುಗಿಸಿದೆ, ತೆರೆದಳು. ಅಂಕಿ ನಲವತ್ತೆರಡಕ್ಕೆ ಬಂದದ್ದೇ ಡಬ್ಬಿ ಕಸಿದುಕೊಂಡೆ.

"ಆತು ನೋಡು, ಹೊತ್ತಾತು. ತಗೋ."

ಅವ್ವ ಖರ್ಜೂರ ಹಿಡಿದಳು, ಬಾಯಿಗಿಡಲಿಲ್ಲ. ಗಡಿಯಾರ ನೋಡಿದಳು. ಗಾಜಿನಾಚೆ ನೋಡಿದಳು, ಕಬ್ಬಿನ ಮೇಲೆ ಇನ್ನೂ ಬಿಸಿಲಿನ ಕೆಂಪು ಉಳಿದಿತ್ತು. ಇನ್ನು ಯೋಚಿಸುತ್ತ ಕೂರಲು ಬಿಟ್ಟರೆ ಕೆಲಸ ಕೆಟ್ಟಿತು ಎನಿಸಿ ನಾನೇ ಒಂದನ್ನು ಬಾಯಿಗೆ ಹಾಕಿಕೊಂಡೆ. ಆ ತಿಂಗಳ ನನ್ನ ರೋಜಾಗಳಲ್ಲಿ ಒಂದು ಅಲ್ಲಿಗೆ ಹೋಯಿತು. ಬೇನೆ ಬಿದ್ದವರಿಗೆ ಮಾಫಿ ಉಂಟು, ಗಟ್ಟಿಮುಟ್ಟಾದವರು ಬೇಕೆಂದೇ ಮುರಿದರೆ ಲೆಕ್ಕ ಬೇರೆ ಎಂದು ನನಗೆ ಗೊತ್ತಿತ್ತು. ಆ ಲೆಕ್ಕವನ್ನು ನಾನೂ ದೇವರೂ ಆಮೇಲೆ ನೋಡಿಕೊಳ್ಳುತ್ತೇವೆ ಎಂದು ಜಗಿದು ನುಂಗಿದೆ. ಸುಳ್ಳು ಹೇಳಿದ್ದಕ್ಕೆ ಆವತ್ತೂ ಮರುಗಲಿಲ್ಲ, ಈವತ್ತೂ ಮರುಗುವುದಿಲ್ಲ.

ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಬಿಸ್ಮಿಲ್ಲಾ ಎಂದು ತಾನೂ ತಿಂದಳು. ಒಂದಾದ ಮೇಲೆ ಒಂದು ಖರ್ಜೂರ, ನೀರು, ಮೊಮ್ಮಕ್ಕಳ ಡಬ್ಬಿ ಒಡೆದು ಕರದಂಟಿನ ತುಂಡು. ನಾನು ಅವಳ ಕೈ ಬಿಡಲಿಲ್ಲ. ನಡುಕ ಮೆಲ್ಲಗೆ ಇಳಿಯುತ್ತ ಬಂತು, ಮಾತು ನೆಟ್ಟಗಾಯಿತು. "ಆ ಗೊಂಬಿಗೂ ಸ್ವಲ್ಪ ಆರಾಮ ಕೊಡು, ಬಂದ ಮಾಡದನ್ನ," ಎಂದಳು. ಎಸಿ ಆರಿಸಿದೆ. ಅವಳೇ ತನ್ನ ಕಡೆಯ ಗುಂಡಿ ಹುಡುಕಿ ಒತ್ತಿ ಗಾಜು ಇಳಿಸಿದಳು. ಬಿಸಿಗಾಳಿ, ಕಬ್ಬಿನ ವಾಸನೆ ಒಳಗೆ ಬಂತು.

ಆಗ ಘೋಡಗೇರಿ ಕಡೆಯಿಂದ ಬಾಂಗು ಕೇಳಿಸಿತು.

ಟ್ರ್ಯಾಕ್ಟರಿನವರೂ ಹಾಡು ನಿಲ್ಲಿಸಿದರು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆಯೇ ನೋಡುತ್ತ ಕೂತೆ. ಈಗ ಕೇಳುತ್ತಾಳೆ, ಈಗ ಅಳುತ್ತಾಳೆ ಎಂದು ಕಾದೆ. ಅವ್ವ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಬಾಂಗು ಮುಗಿಯುವವರೆಗೆ ಕೇಳಿದಳು. ಖರ್ಜೂರದ ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಳು.

ದಾರಿ ತೆರವಾಗಿ ಹುಕ್ಕೇರಿ ಮುಟ್ಟಿದಾಗ ಅಪ್ಪ ಅಕ್ಕನ ಮನೆಯ ಮೆಟ್ಟಿಲ ಮೇಲೆಯೇ ನಿಂತಿದ್ದ. "ದಾರ್ಯಾಗ ಏನರ ಆತೇನು?" ಎಂದ.

"ಏನೂ ಆಗಿಲ್ಲರಿ. ಕಬ್ಬಿನ ಗಾಡಿ ಅಡ್ಡ ಬಂದಿದ್ವು," ಎಂದಳು ಅವ್ವ.

ಅಪ್ಪ ಒಳಗೆ ಹೋದ. ಚೀಲ ತೆಗೆಯಲು ನಾನು ಕಾರಿನ ಹತ್ತಿರ ಹೋದರೆ ಅವ್ವನೂ ಹಿಂದೆಯೇ ಬಂದು, ತೆರೆದ ಬಾಗಿಲಿನಲ್ಲಿ ಬಗ್ಗಿ ಫಲಕ ನೋಡುತ್ತ ನಿಂತಳು.

"ಹತ್ತ ನಿಮಿಷ ಮುಂದೈತಿದು," ಎಂದಳು. "ಇದರ ಹೊತ್ತ ಹೇಳೇ ನಿಮ್ಮಪ್ಪ ನನ್ನ ಅಡಗಿಮನಿಯಿಂದ ಎಬ್ಬಿಸ್ಕೊಂಡ ಹೋಗತಿದ್ದ. ಹಿಂದ ಕುಂತ ದಿನಾ ನೋಡೇನಿ."

"ಗೊತ್ತಿತ್ತೇನು? ಗೊತ್ತಿದ್ದೂ ಯಾಕ ತಿಂದಿಬೇ?"

"ನೀ ಮದಲ ತಿಂದಿ," ಎಂದಳು. "ನನ್ನ ಸಲವಾಗಿ ನಿಂದ ಕಳಕೊಂಡಿ. ನಿಂದ ಹೋದ ಮ್ಯಾಲ ನಂದೊಂದ ಉಳಿಸ್ಕೊಂಡು ನಾ ಏನ ಮಾಡ್ಲಿ?"

ನನಗೆ ಅಳು ಬಂತು. ಬೀದಿಯಲ್ಲಿ ನಿಂತು, ಚೀಲ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಕಾರಿನ ಬಾಗಿಲು ತಾನೇ ಹಾಕಿದಳು.

"ಈದ ಆಗ್ಲಿ, ಇನ್ನೊಂದ ಹಿಡಿತೇನಿ. ನೀನೂ ಹಿಡಿ. ಅವತ್ತ ಮಾತ್ರ ಮನ್ಯಾಗ ಕುಂಡ್ರೂಣು," ಎಂದಳು. "ಈ ಗಾಡಿ ಬ್ಯಾಡ."