ಗರಗಸಕ್ಕೆ ಚೈನು ಕೂಡಿಸಿದ್ದು

ನಾನು ಹೊಲಿಗೆಯವಳು. ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಅದಕ್ಕೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ನನ್ನ ಗಂಡನ ಬಡಿಗತನ. ನಡುವೆ ಒಂದೇ ಗೋಡೆ. ಅವರ ಕಡೆಯ ಮರದ ಹೊಟ್ಟು ಬಾಗಿಲ ಸಂದಿಯಿಂದ ಬಂದು ನಾನು ಹೊಲಿದಿಟ್ಟ ರವಿಕೆಗಳ ಮೇಲೆ ಕೂತಿತೆಂದು ನಾನು ಗೊಣಗುವುದು, ನನ್ನ ಗುಂಡುಸೂಜಿ ಕಾಲಿಗೆ ಚುಚ್ಚಿತೆಂದು ಅವರು ಗೊಣಗುವುದು. ಇಷ್ಟು ಬಿಟ್ಟರೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಿದ್ದೇ ಇಲ್ಲ.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಅವರ ಬಲಗೈ ಜೋಮು ಹಿಡಿಯತೊಡಗಿತು. ಮೊದಮೊದಲು ರಾತ್ರಿ ಮಲಗಿದ್ದು ಸರಿಹೋಗಿಲ್ಲ ಎಂದುಕೊಂಡೆವು. ಆಮೇಲೆ ಉಳಿ ಕೈಯಿಂದ ಜಾರತೊಡಗಿತು. ಊಟ ಮಾಡುವಾಗ ರೊಟ್ಟಿ ಮುರಿಯಲು ಎಡಗೈಯನ್ನೂ ತರತೊಡಗಿದರು. ದಾವಣಗೆರೆಯ ಡಾಕ್ಟರು ಕತ್ತಿನಲ್ಲಿ ನರ ಒತ್ತಿದೆ ಎಂದರು. ಗುಳಿಗೆ ಬರೆದುಕೊಟ್ಟು, ಗುಳಿಗೆಗಿಂತ ವ್ಯಾಯಾಮ ಮುಖ್ಯ, ನಿಮ್ಮೂರಲ್ಲೇ ಮಾಡಿಸುವವರು ಇದ್ದಾರೆ, ತಪ್ಪದೆ ಹೋಗಿ ಎಂದು ಹೇಳಿ ಕಳಿಸಿದರು.

ಗುಳಿಗೆ ನುಂಗಿದರು. ವ್ಯಾಯಾಮಕ್ಕೆ ಮಾತ್ರ ಹೋಗಲಿಲ್ಲ. ಅದನ್ನು ಮಾಡಿಸುವ ಜಾಗ ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆಗೆ ಮುಖ ಮಾಡಿಕೊಂಡೇ ಇತ್ತು. ಹೋಗಿ ಬರುವವರೆಲ್ಲ ಒಳಗೆ ಕೂತವರನ್ನು ನೋಡಬಹುದಿತ್ತು.

"ಬಡಿಗ್ಯಾನ ಕೈ ಹೋಗೇತಿ ಅಂತ ಊರಾಗ ಸುದ್ದಿ ಆತಂದ್ರ ನಾಳೆ ಯಾರ್ ಕರೀತಾರ ನನ್ನ?" ಎಂದರು. ಮತ್ತೆ ಒತ್ತಾಯ ಮಾಡಿದಾಗ ಎದ್ದು ಶೆಡ್ಡಿಗೆ ಹೋದರು.

ಅಂದಿನಿಂದ ಮುಚ್ಚಿಡುವುದೇ ಒಂದು ಕೆಲಸವಾಯಿತು. ಬೆಳಿಗ್ಗೆ ಅಂಗಿಯ ಗುಂಡಿ ನಾನು ಹಾಕಿಕೊಡುತ್ತಿದ್ದೆ. ಬೈಕು ಹೊಡೆಯುವುದು ಬಿಟ್ಟರು. ಪೆಟ್ರೋಲು ದಂಡ ಎಂದು ಕೇಳಿದವರಿಗೆ ಹೇಳುತ್ತಿದ್ದರು. ಸ್ಟೂಲು, ಕಿಟಕಿ, ದೇವರ ಮಣೆಯಂಥ ಸಣ್ಣ ಕೆಲಸಗಳನ್ನಷ್ಟೇ ಹಿಡಿದರು. ಬಾಗಿಲು ಚೌಕಟ್ಟಿನ ಕೆಲಸ ಬಂದರೆ ಬಿಡುವಿಲ್ಲ ಎಂದು ಕಳಿಸಿಬಿಡುತ್ತಿದ್ದರು. ಬಂದವರು ಹೋದ ಮೇಲೆ ಆ ಬಿಡುವಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಗೋಡೆಯ ಆಚೆ ಸಪ್ಪಳವಿಲ್ಲದೆ ನನಗೆ ಹೊಲಿಯಲು ಮನಸ್ಸು ಹತ್ತುತ್ತಿರಲಿಲ್ಲ.

ಹಾಗಿದ್ದಾಗ ಹಾವೇರಿ ಕಡೆಯ ಕರ್ಜಗಿಯ ಗೌಡರೊಬ್ಬರು ಬಂದರು. ಹಿಂದೆ ಅವರ ಮನೆಗೆ ಬಾಗಿಲು ಮಾಡಿಕೊಟ್ಟ ಪರಿಚಯ. ಹಳೆಯ ಮನೆ ಇಳಿಸಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ಅವರ ತಾಯಿಗೆ ಹೊಸ ಮನೆಯಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲವಂತೆ. ಹಳೆಯ ತೊಲೆಗಳು ಬಣವೆಯ ಪಕ್ಕದಲ್ಲಿ ಬಿದ್ದಿದ್ದವು. ಅವನ್ನು ಅಳತೆಗೆ ಕತ್ತರಿಸಿ ಮನೆಯ ಮುಂದೆ ಹೆಂಚಿನ ಪಡಸಾಲೆ ಮಾಡಿಕೊಡಬೇಕೆಂದು ಕೇಳಿದರು.

"ಸಾಮಿಲ್ಲಿನವ್ರು ಒಲ್ಲೆ ಅಂದ್ರು ಬಡಿಗ್ಯಾರ. ಹಳೇ ತೊಲಿ, ಒಳಗ ಮೊಳಿ ಇರ್ತಾವು, ನಮ್ಮ ಅಲಗು ಹಾಳಾಗ್ತಾವು ಅಂತಾರ. ನೀವ ಬಂದು ಅಲ್ಲೇ ಕೊಯ್ದು ಕೊಡಬೇಕು."

ನನ್ನ ಗಂಡ ಇಲ್ಲ ಎನ್ನುತ್ತಾರೆಂದೇ ನಾನು ಕಾದೆ. ಆಗಲಿ ಎಂದರು. ಗೌಡರು ಹೋದ ಮೇಲೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅವರು ಅದನ್ನೆಲ್ಲ ಮೊದಲೇ ಯೋಚಿಸಿದ್ದರು. ನಮ್ಮಲ್ಲಿದ್ದ ಕರೆಂಟಿನ ಗರಗಸದ ದುಂಡು ಅಲಗು ಅಂಥ ದಪ್ಪ ತೊಲೆಯಲ್ಲಿ ಕಾಲುಭಾಗವೂ ಇಳಿಯುವುದಿಲ್ಲ. ನಾಲ್ಕೂ ಕಡೆಯಿಂದ ಕೊಯ್ದರೆ ನಡುವೆ ಕೊಯ್ತ ಕೂಡುವುದಿಲ್ಲ. ಇಬ್ಬರು ಹಿಡಿದು ಎಳೆಯುವ ಗರಗಸವಾದರೆ ಎದುರಿಗೆ ಇನ್ನೊಬ್ಬ ಬಡಿಗ ಬೇಕು. ಅವನಿಗೆ ಎಳೆದ ಕೂಡಲೇ ಈ ಕೈಯಲ್ಲಿ ಬಲವಿಲ್ಲವೆಂದು ತಿಳಿದುಬಿಡುತ್ತದೆ.

"ಅದಕ್ಕ ಇದನ್ನ ತರಿಸ್ತೇನಿ," ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದವನೊಬ್ಬ ತನ್ನ ಗರಗಸದ ಅಲಗು ಬಿಚ್ಚಿ, ಆ ಜಾಗದಲ್ಲಿ ಉದ್ದನೆಯ ಪಟ್ಟಿ ಕೂಡಿಸಿ, ಅದರ ಸುತ್ತ ಹಲ್ಲಿನ ಚೈನು ಹಾಕಿದ. ಆಮೇಲೆ ದೊಡ್ಡ ತೊಲೆಯನ್ನು ಒಂದೇ ಸಲಕ್ಕೆ ಕೊಯ್ದ. ಅವನ ಭಾಷೆ ನಮಗಿಬ್ಬರಿಗೂ ತಿಳಿಯಲಿಲ್ಲ. ಕೆಲಸ ತಿಳಿಯಿತು.

ತರಿಸಿದ ಪಟ್ಟಿ, ಚೈನುಗಳ ಡಬ್ಬಿ ಬಂದ ದಿನ ಮಧ್ಯಾಹ್ನ ನಾನು ಒಂದು ಮದುವೆಯವರ ಬ್ಲೌಸು ಹೊಲಿಯುತ್ತಿದ್ದೆ. ಆಚೆ ಬೋಲ್ಟು ತಿರುಗಿಸುವ ಪಾನಾ ನೆಲಕ್ಕೆ ಬಿದ್ದ ಸಪ್ಪಳ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಮತ್ತೆ. ಹೊಲಿಗೆ ಬಿಟ್ಟು ಎದ್ದು ಹೋದೆ. ಅವರು ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಬೆವೆತು ಕೂತಿದ್ದರು.

"ನೀ ಯಾಕ ಬಂದಿ? ಬ್ಲೌಸ್ ಮುಗೀತೇನ?"

"ಎಲ್ಲೀದು ಮುಗಿಯೂದು. ಪಾನಾ ಬೀಳೂ ಸಪ್ಪಳಕ್ಕ ಹೊಲಿಗಿ ಸೊಟ್ಟ ಹೊಂಟೈತಿ. ಕೊಡ್ರಿ ಇಲ್ಲೆ."

ಕೊಡಲಿಲ್ಲ. ನಾನೇ ಅವರೆದುರು ಚಾಪೆ ಹಾಸಿ ಕೂತೆ. ಬಹಳ ಹೊತ್ತಿನ ಮೇಲೆ ಗರಗಸವನ್ನು ನನ್ನ ಕಡೆ ಸರಿಸಿದರು. ವಾಯರಿನ ಪ್ಲಗ್ಗನ್ನು ನನ್ನ ಕೈಗೆ ಕೊಟ್ಟು, "ಇದನ್ನ ಉಡಿಯಾಗ ಇಟ್ಕೊ. ಕೆಲಸ ಮುಗಿಯೂಮಟ ನಿನ್ನ ಕಡೇನ ಇರಬೇಕು. ಯಾರೂ ಮರೆತು ಗ್ವಾಡಿಗೆ ಹಾಕಬಾರದು," ಎಂದರು.

ಮೊದಲು ಅಲಗು ಬಿಚ್ಚಬೇಕಿತ್ತು. ಅದರ ನಡುವಿನ ಬೋಲ್ಟಿಗೆ ಪಾನಾ ಹಾಕಿ ಎಷ್ಟು ತಿರುಗಿಸಿದರೂ ಅದು ಅಲುಗಲಿಲ್ಲ.

"ಈ ಮಷೀನಂದು ಉಲ್ಟಾ. ಅಲಗು ಯಾ ಕಡೆ ತಿರಗತೈತಿ ಆ ಕಡೇನ ತಿರಗಸು, ಬಿಚ್ಚತೈತಿ," ಎಂದು ಅಲಗು ತಿರುಗದಂತೆ ತಡೆಯುವ ಗುಂಡಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬೋಲ್ಟು ಸಡಿಲವಾಯಿತು. ಕೆಳಗಿನ ಕವಚ ತೆಗೆದೆವು. ಅಲಗಿನ ಜಾಗದಲ್ಲಿ ಸಣ್ಣ ಹಲ್ಲಿನ ಚಕ್ರ ಕೂಡಿಸಿ ಬಿಗಿದೆ. ಪಟ್ಟಿಯನ್ನು ಗರಗಸದ ಮೈಗೆ ಹೊಂದಿಸಿ ಅದರ ಸ್ಕ್ರೂ ಹಾಕಿದೆ. ಚೈನನ್ನು ಚಕ್ರಕ್ಕೆ ಸಿಕ್ಕಿಸಿ ಪಟ್ಟಿಯ ಸುತ್ತ ಹಾಕಿ ಅಂದಾಜಿನಲ್ಲಿ ಬಿಗಿದೆ. ಪ್ರತಿ ಸಲವೂ ಅವರು ಬಗ್ಗಿ ನೋಡಿ ಹೂಂ ಎನ್ನುತ್ತಿದ್ದರು.

ಪ್ಲಗ್ ಹಾಕಿ, ಬೇವಿನ ತುಂಡೊಂದನ್ನು ಇಟ್ಟು ನೋಡಿದೆವು. ಚೈನು ಜೋರಾಗಿ ಓಡಿತು. ಮರ ಮಾತ್ರ ಕೊಯ್ಯಲಿಲ್ಲ. ಹೊಗೆ ಬಂತು, ಸುಟ್ಟ ವಾಸನೆ ಬಂತು. ಅವರು ಬಂದ್ ಮಾಡಿ ಗರಗಸ ಕೆಳಗಿಟ್ಟರು.

"ಬಿಡು. ನಮಗ ಬಗಿಹರಿಯೂ ಕೆಲಸಲ್ಲ ಇದು. ಗೌಡ್ರಿಗೆ ಫೋನ್ ಮಾಡಿ ಆಗೂದಿಲ್ಲ ಅಂತ ಹೇಳಿಬಿಡ್ತೇನಿ."

ಅವರು ಬೇಸರದಲ್ಲಿ ಹೀಗೆ ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ. ಮೊದಲೇ ಗೊತ್ತಿತ್ತು ಎನ್ನುವಂತೆ ಹೇಳಿದರು. ಮಾತು ಬೆಳೆಸದೆ ಪ್ಲಗ್ ಕಿತ್ತು ಗರಗಸವನ್ನು ಮತ್ತೆ ಮಡಿಲಿಗೆಳೆದುಕೊಂಡೆ. ಹೊಲಿಗೆ ಮಷೀನಿಗೆ ಸೂಜಿ ಹಿಂದುಮುಂದು ಹಾಕಿದರೆ ಹೀಗೇ ಆಗುತ್ತದೆ. ಮಷೀನು ಓಡುತ್ತದೆ, ಹೊಲಿಗೆ ಬೀಳುವುದಿಲ್ಲ. ಚೈನಿನ ಒಂದೊಂದು ಹಲ್ಲನ್ನೂ ನೋಡಿದೆ. ಹಲ್ಲುಗಳು ಓಡುವ ದಿಕ್ಕಿಗೆ ಬೆನ್ನು ಮಾಡಿದ್ದವು.

"ರೀ, ಚೈನು ಉಲ್ಟಾ ಹಾಕೇನಿ ನಾನು. ತಪ್ಪು ನಂದು, ಮಷೀನಂದಲ್ಲ."

ತಿರುಗಿಸಿ ಹಾಕಿದೆ. ಇನ್ನು ಸರಿಯಾಗಿ ಎಷ್ಟು ಬಿಗಿಯಬೇಕು ಎಂಬುದು ಉಳಿಯಿತು. ಅದನ್ನು ಬೆರಳಿನಿಂದಲೇ ತಿಳಿಯಬೇಕು. ಅವರು ಬಲಗೈಯಿಂದ ಚೈನನ್ನು ಎತ್ತಲು ಹೋಗಿ, ಬೆರಳಿಗೇನೂ ಗೊತ್ತಾಗದೆ ಕೈ ಹಿಂದೆ ತೆಗೆದುಕೊಂಡರು.

"ನಡುವ ಹಿಡದು ಮ್ಯಾಲ ಎತ್ತು. ಎಷ್ಟ ಏಳತೈತಿ?"

"ಒಂದ್ ಉಗುರಿನಷ್ಟ."

"ಬಿಟ್ರ ತಾನ ಕುಂದರತೈತಿ?"

"ಕುಂದರತೈತಿ."

"ಕೈಲೆ ಎಳದ್ರ ಸಲೀಸ ಓಡತೈತಿ?"

"ಓಡತೈತ್ರಿ."

"ಹಂಗಾರ ಸಾಕು."

ನಾನು ಎದ್ದು ಹೋಗಿ ನನ್ನ ಮಷೀನಿನ ಎಣ್ಣೆಯ ಡಬ್ಬಿ ತಂದೆ. ಅವರು ನೋಡಿ ನಕ್ಕುಬಿಟ್ಟರು. "ಅದು ತೆಳು ಆತು. ಈ ಚೈನಿನ ಮ್ಯಾಲ ನಿಂದರೂದಿಲ್ಲ, ಎಲ್ಲಾ ನಿನ್ನ ಸೀರಿಗೆ ಸಿಡೀತೈತಿ. ಆ ಮೂಲ್ಯಾಗ ದಪ್ಪ ಎಣ್ಣಿ ಐತಿ ನೋಡು." ಅವರ ನಗು ಕೇಳಿ ಎಷ್ಟೋ ದಿನವಾಗಿತ್ತು. ಈ ಸಲ ಬೇವಿನ ತುಂಡು ಎರಡಾಗಿ ಬಿತ್ತು. ಕೊಯ್ದ ಮುಖವನ್ನು ಅವರು ಎಡ ಅಂಗೈಯಿಂದ ಸವರಿ ನೋಡಿದರು.

ಕರ್ಜಗಿಗೆ ನಾನೂ ಬರಬೇಕೆಂದರು. ಜನ ಕೇಳಿದರೆ ಏನು ಹೇಳುವುದು ಎಂದೆ. "ಬುತ್ತಿ ತಂದಾಳ ಅಂದ್ರಾತು," ಎಂದರು.

ಗೌಡರು ಬೀಜ ಒಯ್ಯಲು ರಾಣೆಬೆನ್ನೂರಿಗೆ ಬಂದಿದ್ದ ತಮ್ಮ ಗಾಡಿಯಲ್ಲೇ ನಮ್ಮನ್ನು ಕರೆದೊಯ್ದರು. ಬೆಳಗಿನ ಕೆಲಸ ಚೆನ್ನಾಗಿ ಸಾಗಿತು. ಮೊಳೆಗಳಿದ್ದಲ್ಲಿ ನನ್ನ ಗಂಡ ಮೊದಲೇ ಸುಣ್ಣದ ಗುರುತು ಮಾಡಿ, ಕಿತ್ತು, ಆಮೇಲೆ ಕೊಯ್ಯುತ್ತಿದ್ದರು. ಸ್ವಿಚ್ಚು ಎಡಗೈಯಲ್ಲಿ, ಬಲಗೈ ಮುಂದಿನ ಹಿಡಿಕೆಯ ಮೇಲೆ ಸುಮ್ಮನೆ ಇಟ್ಟದ್ದು. ನೋಡುವವರಿಗೆ ಎರಡೂ ಕೈಯಿಂದ ಹಿಡಿದಂತೆಯೇ ಕಾಣುತ್ತಿತ್ತು. ಗೌಡರ ತಾಯಿ ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಯಾವ ತೊಲೆ ಅಡುಗೆಮನೆಯದು, ಯಾವುದು ದನದ ಕೊಟ್ಟಿಗೆಯದು ಎಂದು ಹೇಳುತ್ತಿದ್ದರು. ಚಹಾ ಬಂತು, ಕುಡಿದೆವು. ಮತ್ತೆ ಕೆಲಸ ಶುರುವಾಯಿತು.

ಬಿಸಿಲೇರಿದ ಮೇಲೆ ಚೈನು ಬಿಸಿಯಾಗಿ ಸಡಿಲವಾಯಿತು. ಪಟ್ಟಿಯ ಕೆಳಗೆ ಜೋತು ಬಿದ್ದು ಪಟಪಟ ಬಡಿಯುವ ಸಪ್ಪಳ ನನಗೆ ಕೂತಲ್ಲಿಗೇ ಕೇಳಿತು. ಅವರು ಗರಗಸ ಬಂದ್ ಮಾಡಿ, ಪ್ಲಗ್ ತೆಗೆಸಿ, ಬೇಲಿಯ ಕಡೆ ತಿರುಗಿ ಕೂತು ಎಡಗೈಯಿಂದ ಪಾನಾ ಹಿಡಿದರು. ಗರಗಸ ಒತ್ತಿ ಹಿಡಿಯಬೇಕಾದ ಬಲಗೈ ನಿಲ್ಲದೆ ಅದು ಜಾರಿ ಧೂಳಿನಲ್ಲಿ ಬಿತ್ತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾನು ಏಳಲೋ ಬೇಡವೋ ಎಂದು ಸೀರೆಯ ಅಂಚು ಹಿಡಿದು ಕೂತಿದ್ದೆ. ಎದ್ದರೆ ಅವರು ಮುಚ್ಚಿಟ್ಟದ್ದು ಬಯಲಾಗುತ್ತದೆ. ಕೂತರೆ ಅವರ ಒದ್ದಾಟ ನೋಡಬೇಕು.

ಗೌಡರು ಹತ್ತಿರ ಬಂದು, "ಕೊಡ್ರಿ ಬಡಿಗ್ಯಾರ, ನಾ ಬಿಗದು ಕೊಡ್ತೇನಿ," ಎಂದು ಕೈ ಚಾಚಿದರು.

ನನ್ನ ಗಂಡ ಪಾನಾವನ್ನು ನೆಲದ ಮೇಲಿಟ್ಟರು. ಆಮೇಲೆ ಗೌಡರ ಕಡೆ ತಿರುಗಿದರು.

"ಬ್ಯಾಡ್ರಿ ಗೌಡ್ರ. ಎಷ್ಟ ಬಿಗಿಬೇಕು ಅಂತ ನಿಮಗ ತಿಳಿಯೂದಿಲ್ಲ. ನನ್ನ ಬಲಗೈಯಾಗ ಬಲ ಇಲ್ರಿ, ನರದ ತ್ರಾಸ ಐತಿ. ಇದನ್ನ ಫಿಟ್ ಮಾಡಿದಾಕಿ ನಮ್ಮ ಮನಿಯಾಕಿ. ಆಕೀನ ಮಾಡ್ತಾಳ." ನನ್ನ ಕಡೆ ನೋಡಿ, "ಬಾ," ಎಂದರು.

ನಾನು ಹೋಗಿ ಕೂತೆ. ಚೈನು ಆರಲು ಬಿಟ್ಟು, ಸ್ಕ್ರೂ ಬಿಗಿದು, ನಡುವೆ ಎತ್ತಿ ನೋಡಿದೆ. ಗೌಡರ ತಾಯಿ ನನ್ನ ಗಂಡನ ಕಡೆ ತಿರುಗಿದರು.

"ಅದಕ್ಕ ಚಾ ಬಟ್ಲಾ ಎಡಗೈಲೆ ಹಿಡದಿದ್ಯೇನ ತಮ್ಮಾ? ನಾ ಆಗ್ಲೇ ನೋಡಿದ್ದೆ."

"ನನಗೂ ಅನಿಸಿತ್ತವ್ವಾ," ಎಂದರು ಗೌಡರು. "ಹೆಂಗ ಕೇಳೂದು ಅಂತ ಸುಮ್ಮನಿದ್ದೆ. ಕೆಲಸ ನಡದೈತಿ, ಅಷ್ಟ ಸಾಕು. ಬಿಸಿಲು ಇಳೀಲಿ, ಆಮ್ಯಾಲ ಮಾಡೂನಂತ, ಊಟಕ್ಕ ಏಳ್ರಿ."

ಇಷ್ಟು ದಿನ ನಾವು ಹೆದರಿದ್ದು ಇಷ್ಟಕ್ಕೇ. ನಾನು ತಂದ ಬುತ್ತಿಯ ಜೊತೆಗೆ ಗೌಡರ ಮನೆಯ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಂತು. ಮಧ್ಯಾಹ್ನದ ಮೇಲೆ ನಾನು ನನ್ನ ಗಂಡನ ಪಕ್ಕದಲ್ಲೇ ನಿಂತೆ. ಚೈನು ಸಡಿಲವಾದಾಗೆಲ್ಲ ಅವರು ಕರೆಯುವ ಮೊದಲೇ ಬಗ್ಗಿದೆ. ಕೆಲಸ ಮುಗಿದ ಮೇಲೆ, ಆರಿದಾಗ ಚೈನು ಕುಗ್ಗಿ ಪಟ್ಟಿಯನ್ನು ಹಿಡಿಯುತ್ತದೆಂದು ಅದನ್ನು ಸ್ವಲ್ಪ ಸಡಿಲ ಬಿಡಿಸಿದರು. ಅದನ್ನು ಗೌಡರಿಗೂ ವಿವರಿಸಿ ಹೇಳಿದರು. ಬಹಳ ದಿನದ ಮೇಲೆ ಅವರು ತಮ್ಮ ಕೆಲಸದ ಬಗ್ಗೆ ಇನ್ನೊಬ್ಬರ ಹತ್ತಿರ ಬಾಯ್ತುಂಬ ಮಾತಾಡುವುದನ್ನು ಕೇಳಿದೆ.

ಸಂಜೆ ವಾಪಸ್ ಹಾವೇರಿಯಿಂದ ಬಸ್ಸಿನಲ್ಲಿ ಬಂದೆವು. ಗರಗಸದ ಚೀಲ ಇಬ್ಬರ ಕಾಲ ನಡುವೆ ಇತ್ತು. ಮೋಟೆಬೆನ್ನೂರು ದಾಟಿದ ಮೇಲೆ ಅವರು ಎದುರಿನ ಸೀಟನ್ನು ನೋಡುತ್ತ, "ಆ ವ್ಯಾಯಾಮದವ್ರು ಮುಂಜಾನೆ ಎಷ್ಟಕ್ಕ ತೆಗೀತಾರ?" ಎಂದು ಕೇಳಿದರು. ನಾನು ಹೆಚ್ಚು ಖುಷಿ ತೋರಿಸಿದರೆ ಮನಸ್ಸು ಬದಲಿಸಿಯಾರೆಂದು ಕಿಟಕಿಯ ಹೊರಗೆ ನೋಡುತ್ತಲೇ, ಬೇಗನೇ ತೆಗೆಯುತ್ತಾರಂತೆ ಎಂದೆ. ಮರುದಿನ ಅವರೇ ನನಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ವ್ಯಾಯಾಮಕ್ಕೆ ಕೂತಿದ್ದನ್ನು ರಸ್ತೆಯಿಂದ ಯಾರೋ ಪರಿಚಯದವರು ಕಂಡು, ಏನಾಯಿತು ಎಂದು ಒಳಗೇ ಬಂದು ವಿಚಾರಿಸಿದರು. ಕೈ ಜೋಮು ಹಿಡಿದಿದೆ ಎಂದು ನನ್ನ ಗಂಡ ಹೇಳಿದರು. ಬಂದವರು ತಮ್ಮ ಸೊಂಟನೋವಿನ ಕಥೆ ಹೇಳಿಕೊಂಡು ಹೋದರು.

ಕೈ ಪೂರ್ತಿ ಸರಿಯಾಗಿಲ್ಲ. ಅಂಗಿಯ ಗುಂಡಿ ಈಗ ಅವರೇ ಹಾಕಿಕೊಳ್ಳುತ್ತಾರೆ. ದಿನವಿಡೀ ಸುತ್ತಿಗೆ ಹಿಡಿಯಲು ಆಗುವುದಿಲ್ಲ. ಅಂಥ ಕೆಲಸಕ್ಕೆ ಇನ್ನೊಬ್ಬ ಬಡಿಗನನ್ನು ಕರೆಯುತ್ತಾರೆ, ಕರೆಯಲು ಈಗ ಸಂಕೋಚವಿಲ್ಲ. ತೊಲೆ ಕೊಯ್ಯುವ ಕೆಲಸ ಬಂದರೆ ಮಾತ್ರ ನನ್ನ ಮಷೀನಿಗೆ ಬಟ್ಟೆ ಮುಚ್ಚಿ ನಾನು ಹೊರಡುತ್ತೇನೆ. ಬ್ಯಾಡಗಿಯಲ್ಲಿ ಒಂದು ಹಳೆಯ ಮೆಣಸಿನಕಾಯಿ ಗೋದಾಮಿನ ತೊಲೆ ಕೊಯ್ದಾಗ ಮರದ ಹೊಟ್ಟಿನ ಜೊತೆ ಖಾರವೂ ಎದ್ದು, ನಾನು, ಅವರು, ಗೋದಾಮಿನ ಸಾವಕಾರರು ಎಲ್ಲರೂ ಸೀನುತ್ತ ರಸ್ತೆಗೆ ಓಡಿಬಂದೆವು. ಆಮೇಲೆ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಲಸ ಮುಗಿಸಿದೆವು.

ಕರ್ಜಗಿಯ ಪಡಸಾಲೆ ತಯಾರಾಗಿದೆ. ಗೌಡರ ತಾಯಿ ಹಗಲೆಲ್ಲ ಅಲ್ಲೇ ಕೂರುತ್ತಾರಂತೆ. ಹೋದ ತಿಂಗಳು ಅವರಿಗೆ ನಾನು ರವಿಕೆ ಹೊಲಿದುಕೊಟ್ಟಿದ್ದೆ. ತೋಳು ಬಿಗಿಯಾಗಿದೆ ಎಂದು ಮಗನ ಕೈಯಲ್ಲಿ ವಾಪಸ್ ಕಳಿಸಿದ್ದಾರೆ. ಬಿಚ್ಚಿ ಸಡಿಲ ಮಾಡಿದ್ದೇನೆ, ಕೊಕ್ಕೆ ಹಚ್ಚುವುದೊಂದು ಬಾಕಿ ಇದೆ. ಗೌಡರು ಮುಂದಿನ ಸಲ ಬೀಜಕ್ಕೆ ಬಂದಾಗ ಕೊಟ್ಟು ಕಳಿಸಬೇಕು.