ಮುನಿರಾಜುವನ್ನು ಆಡಿಸಿದ ದಿನ

ರಹಮತ್, ನಿಮ್ಮ ಮನೆಗೆ ಪ್ಲೇಗು ಬಂದದ್ದು ನಿಮ್ಮ ತಂದೆಯ ರಾಗಿ ಮಂಡಿಯ ಮೂಟೆಗಳಿಂದ ಎಂದು ಊರೆಲ್ಲ ಹೇಳಿತು. ಆ ಮಾತನ್ನು ನಿಲ್ಲಿಸಬಹುದಾಗಿದ್ದವನು ನಾನು. ನಿಲ್ಲಿಸಲಿಲ್ಲ. ಪ್ಲೇಗು ಬಿದ್ದ ಹಳ್ಳಿಯಿಂದ ಬಂದ ಹುಡುಗನನ್ನು, ಗೊತ್ತಿದ್ದೂ ಗೊತ್ತಿದ್ದೂ ನಿಮ್ಮ ಮನೆಯಲ್ಲಿ ಮಲಗಿಸಿದವನು ನಾನು — ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕಾಗಿ.

ಇದನ್ನು ಹೇಳಲು ಹೊರಟರೆ ಈಗಲೂ ಹೆದರಿಕೆಯಾಗುತ್ತದೆ. ಶಾಲೆಯಲ್ಲಿ ನನಗಿನ್ನೂ ಕೆಲಸವಿದೆ. ದೊಡ್ಡಬಳ್ಳಾಪುರದ ಪೇಟೆಯಲ್ಲಿ ನಡೆದರೆ ಕೈಮುಗಿಯುವವರಿದ್ದಾರೆ. ಅದೆಲ್ಲ ಹೋಗಿಬಿಡುತ್ತದೆಂಬ ಭಯ ಒಂದು. ಕೇಳಿದ ಮೇಲೆ ನಿನ್ನ ಮುಖ ಹೇಗಾಗಬಹುದೆಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದೆಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಆದರೆ ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದ್ದು ಮೊದಲನೆಯದೇ.

ಆ ವರ್ಷ ನಿನ್ನನ್ನೂ ಮುನಿರಾಜುವನ್ನೂ ತಂಡಕ್ಕೆ ಆರಿಸಿದ್ದಕ್ಕೆ ನಮ್ಮೂರ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಎಷ್ಟು ಗಲಾಟೆಯಾಯಿತೆಂದು ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಯುದ್ಧ ನಡೆಯುತ್ತಿದ್ದ ಕಾಲ. ಹೊಸ ಚೆಂಡು ಸಿಗುತ್ತಿರಲಿಲ್ಲ. ಹಳೆಯದರ ಹೊಲಿಗೆ ಬಿಚ್ಚಿದಾಗಲೆಲ್ಲ ಚಪ್ಪಲಿ ಹೊಲಿಯುವವನ ಹತ್ತಿರ ಒಯ್ಯುತ್ತಿದ್ದೆವು. ಚೆಂಡು ಹಾಕಲು ಕುಲುಮೆಯಲ್ಲಿ ಬಡಿಸಿದ ಕಬ್ಬಿಣದ ಬಳೆ, ಮಾವಿನ ಹಲಗೆ, ಮಣ್ಣಿನ ನೆಲ — ಅಷ್ಟೇ ನಮ್ಮ ಮೈದಾನ. ನಾನು ಡ್ರಿಲ್ ಮೇಷ್ಟ್ರು. ಕ್ಲಬ್ಬಿನ ತಂಡವನ್ನು ಆರಿಸುವುದೂ ಆಡಿಸುವುದೂ ನನ್ನ ಪಾಲಿಗೇ ಬಂದಿತ್ತು. ಪ್ರತಿವರ್ಷ ಹೈಸ್ಕೂಲಿನ ಇಬ್ಬರು ಹುಡುಗರನ್ನು ಸೇರಿಸಿಕೊಳ್ಳುವುದು ರೂಢಿ. ನಿನ್ನ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ನೀನು ಕುಳ್ಳ, ಆದರೆ ಚೆಂಡು ನಿನ್ನ ಕೈಗೆ ಬಂದರೆ ಅದು ಎಲ್ಲಿಗೆ ಹೋಗಬೇಕೆಂದು ಕಣ್ಣೆತ್ತಿ ನೋಡದೆಯೇ ನಿನಗೆ ಗೊತ್ತಿರುತ್ತಿತ್ತು.

ತಕರಾರೆಲ್ಲ ಮುನಿರಾಜುವಿನ ಬಗ್ಗೆ. ಮಾಕಳಿದುರ್ಗದ ಬೆಟ್ಟದ ಕೆಳಗಿನ ಹಳ್ಳಿಯ ಹುಡುಗ, ಶಾಲೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಮೊದಲು ಅವನ ಕೈಯಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ. ಅವನನ್ನು ತೆಗೆದುಕೊಳ್ಳಲು ಕ್ಲಬ್ಬಿನ ಕಾರ್ಯದರ್ಶಿ ಸುಬ್ಬಣ್ಣನವರ ಭಾವಮೈದುನನನ್ನು ಹೊರಗೆ ಕೂರಿಸಿದ್ದೆ.

“ಏನ್ ಮೇಷ್ಟ್ರೇ, ಚಪ್ಪರಕ್ಕೆ ಗಳ ತಂದಂಗೆ ತಂದಿದೀರಲ್ಲಾ!” ಎಂದು ಸುಬ್ಬಣ್ಣನವರು ಎಲ್ಲರೆದುರು ನಕ್ಕರು. “ನೋಡೋಣ. ಬೆಂಗಳೂರಿನವರ ಮುಂದೆ ಸೋತ್ರೆ, ಮುಂದಿನ ವರ್ಷ ಆರಿಸೋ ಕೆಲಸ ನಿಮಗೆ ಬೇಡ.”

ಆ ನಗು ನನಗೆ ಚುಚ್ಚಿತು. ಹುಡುಗರನ್ನು ಗುರುತಿಸುವ ಕಣ್ಣು ನನಗಿದೆ ಎಂಬುದೊಂದೇ ನನ್ನ ಬಳಿ ಇದ್ದ ಹೆಮ್ಮೆ. ಎರಡು ತಿಂಗಳು ನಿಮ್ಮಿಬ್ಬರನ್ನೂ ಜೋಡಿಯಾಗಿ ತಿದ್ದಿದೆ. ನೀನು ಬಳೆಯ ಹತ್ತಿರಕ್ಕೆ ಎತ್ತರವಾಗಿ ಎಸೆಯಬೇಕು, ಅವನು ಅಲ್ಲೇ ಹಾರಿ ಹಿಡಿದು ಒಳಗೆ ಬಿಡಬೇಕು — ಬೇರೆ ಯಾರಿಗೂ ಕೈ ಎಟಕದ ಜಾಗ ಅದು. ಅವನಿಲ್ಲದಿದ್ದರೆ ನೀನು ಅರ್ಧ, ನೀನಿಲ್ಲದಿದ್ದರೆ ಅವನೂ ಅರ್ಧ. ಹಾಗೆ ಕಟ್ಟಿದ್ದೆ. ಅದಕ್ಕೇ ಅವನನ್ನು ಬಿಡಲು — ಆದರೆ ಇದು ಕಾರಣ ಹೇಳುವ ಜಾಗವಲ್ಲ.

ಪಂದ್ಯದ ಹಿಂದಿನ ದಿನ ಬೆಳಗ್ಗೆ ಮುನಿರಾಜು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಶಾಲೆಯ ಹತ್ತಿರ ಬಂದ. ಒಳಗೆ ಬರಲಿಲ್ಲ. ಹೊಂಗೆ ಮರದ ಆಚೆಗೇ ನಿಂತು, ಹತ್ತಿರ ಹೋದ ನನ್ನನ್ನೂ ಕೈ ಮಾಡಿ ತಡೆದ.

“ಸಾ, ನಮ್ಮೂರಲ್ಲಿ ಇಲಿ ಬಿದ್ವು. ಎಲ್ರೂ ಊರ್ ಬಿಟ್ಟು ಹೊಲದಲ್ಲಿ ಗುಡ್ಲು ಹಾಕ್ಕೊಂಡವ್ರೆ. ನಾನು ಬರಬೌದಾ ಬ್ಯಾಡ್ವಾ ಅಂತ ಕೇಳ್ಕೊಂಡು ಹೋಗಾನ ಅಂತ ಬಂದೆ.”

ಇಲಿ ಬಿದ್ದು ಸತ್ತವೆಂದರೆ ಅದರ ಹಿಂದೆಯೇ ಪ್ಲೇಗು ಬರುತ್ತದೆಂದು ಮಕ್ಕಳಿಗೂ ಗೊತ್ತಿದ್ದ ಕಾಲ. ಅಂಥ ಊರಿನವರು ಪೇಟೆಯಲ್ಲಿ ತಂಗಬಾರದು, ಹೆಲ್ತ್ ಇನ್ಸ್‌ಪೆಕ್ಟರಿಗೆ ಹೇಳಿ ಸೂಜಿ ಹಾಕಿಸಿಕೊಳ್ಳಬೇಕು ಎಂದು ತಮಟೆ ಹೊಡೆಸಿದ್ದರು. ಆ ಪ್ರಕಟಣೆಯನ್ನು ತರಗತಿ ತರಗತಿಗೂ ಹೋಗಿ ಓದಿ ಹೇಳಿದ್ದು ನಾನೇ. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸಾ. ನಿಮ್ಗೇ ಮೊದ್ಲು.”

“ಹೇಳಬೇಡ.”

“ರಹಮತ್‌ಗೂ?”

“ಅವನಿಗೂ ಬೇಡ. ನಾಳೆ ಆಟ ಆಡಿ ಹೊರಟುಬಿಡು. ಏನೂ ಆಗಲ್ಲ.”

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಮೇಷ್ಟ್ರು ಹೇಳಿದ ಮೇಲೆ ಸರಿಯಿರಲೇಬೇಕು ಎಂದುಕೊಂಡನೇನೋ — ತಲೆಯಾಡಿಸಿದ. ಪಂದ್ಯದ ಮುನ್ನಾದಿನ ಅವನು ಯಾವಾಗಲೂ ಮಂಡಿಯ ಹಿಂದಿನ ನಿಮ್ಮ ಮನೆಯಲ್ಲೇ ಮಲಗುತ್ತಿದ್ದ. ಅಂದೂ ಅಲ್ಲಿಗೇ ಕಳಿಸಿದೆ. ನಿಮ್ಮ ತಾಯಿ ಅವನನ್ನು ಲಂಬೂ, ಉದ್ದನೆಯವನು, ಎಂದು ಕರೆಯುತ್ತಿದ್ದರು. ಚಪಾತಿಯಿಂದ ಅವನ ಹೊಟ್ಟೆ ತುಂಬುವುದಿಲ್ಲವೆಂದು ಅವನಿಗಾಗಿ ಮುದ್ದೆ ತೊಳಸುವುದನ್ನು ಕಲಿತಿದ್ದರು. “ಕೈಕು ಶರ್ಮಾತಾ, ಖಾ ಬೇಟಾ” — ಯಾಕೆ ನಾಚಿಕೊಳ್ತೀಯ, ತಿನ್ನು ಮಗನೇ — ಎಂದು ಅವರು ಗದರುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ. ಅಂಥ ಮನೆಗೆ ಕಳಿಸಿದೆ.

ಪಂದ್ಯದ ಮೊದಲ ಅರ್ಧ ನಿನಗೆ ನೆನಪಿರಬೇಕು. ಬೆಂಗಳೂರಿನವರು ಬೂಟು ಹಾಕಿದ್ದರು, ನೀವು ಬರಿಗಾಲು. ನೀನು ಎಸೆದದ್ದೆಲ್ಲ ಅವನ ಕೈಗೆ ಹೋಗಿ ಕೂರುತ್ತಿತ್ತು. ಸುಬ್ಬಣ್ಣನವರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ನಾನು ಗೆಲ್ಲುತ್ತಿದ್ದೆ, ರಹಮತ್ — ನೀವಲ್ಲ, ನಾನು.

ನಡುವಿನ ವಿರಾಮದಲ್ಲಿ ನೀವೆಲ್ಲ ನಿಂಬೆಹಣ್ಣು ಚೀಪುತ್ತ ಕುಳಿತಿದ್ದಿರಿ. ಮುನಿರಾಜು ದೂರ ಕುಳಿತಿದ್ದ. ಕಣ್ಣು ಕೆಂಪಗೆ ಕಾದ ಹಾಗಿತ್ತು. ನಾನು ಹತ್ತಿರ ಹೋದಾಗ ಮೆಲ್ಲಗೆ, “ತೊಡೆ ಸಂದೀಲಿ ಗೆಡ್ಡೆ ಕಟ್ದಂಗೆ ಅದೆ ಸಾ. ನೋಯ್ತದೆ” ಎಂದ.

ಗೆಡ್ಡೆ — ಪ್ಲೇಗಿನ ಗುರುತೇ ಅದು! ಅವನ ಭುಜದ ಮೇಲಿಟ್ಟಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡೆ. ಅವನು ಅದನ್ನು ನೋಡಿದ. ಪಂಚೆಗೆ ಕೈ ಒರೆಸಿಕೊಂಡೆ — ಅದನ್ನೂ ನೋಡಿದ. ಬೆಂಚಿನ ಮೇಲೆ ಸುಬ್ಬಣ್ಣನವರ ಭಾವಮೈದುನ ಗಟ್ಟಿಮುಟ್ಟಾಗಿ ಕುಳಿತಿದ್ದ. “ನೀನು ಕೂತ್ಕೋ, ಅವನು ಆಡಲಿ” ಎಂದರೆ ಮುಗಿಯುತ್ತಿತ್ತು.

“ಬಿದ್ದಿದ್ದಕ್ಕೆ ಉಳುಕಿರುತ್ತೆ ಕಣೋ,” ಎಂದೆ. “ಇನ್ನೊಂದು ಅರ್ಧ ಅಷ್ಟೇ. ಆಡು.”

ಆಡಿದ. ಕಾಲೆಳೆಯುತ್ತ, ಹಲ್ಲುಕಚ್ಚಿ ಆಡಿದ. ಗೆದ್ದೆವು. ಜನ ಒಳಗೆ ನುಗ್ಗಿದರು. ನೀನೂ ಇನ್ನಿಬ್ಬರೂ ಅವನನ್ನು ಹೆಗಲ ಮೇಲೆ ಎತ್ತಿದಿರಿ. ಆಗ ಅವನು ಕಿರುಚಿದ. ಖುಷಿಗೆಂದು ತಿಳಿದು ಎಲ್ಲರೂ ಇನ್ನೂ ಜೋರಾಗಿ ಕೂಗಿದರು. ಅದು ಯಾವ ಕಿರುಚಾಟವೆಂದು ಆ ಗುಂಪಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅಂದು ಸಂಜೆಯೇ ಅವನನ್ನು ರೈಲು ಹತ್ತಿಸಿದೆ. ಡಾಕ್ಟರ ಬಳಿಗೆ ಕರೆದೊಯ್ಯಲಿಲ್ಲ. ಕರೆದೊಯ್ದಿದ್ದರೆ ಎಲ್ಲಿ ಮಲಗಿದ್ದ ಎಂದು ಕೇಳುತ್ತಿದ್ದರು. ಸ್ಟೇಷನ್ನಿನಿಂದ ವಾಪಸು ಬರುವಾಗ ನಿಮ್ಮ ಮಂಡಿಯ ಮುಂದೆ ನಿಂತೆ. ಹೇಳಿಬಿಡಬೇಕೆಂದೇ ನಿಂತದ್ದು — ಅವನ ಕಂಬಳಿ ಒಳಗೇ ಇದೆ, ಸುಟ್ಟುಬಿಡಿ, ಎಲ್ಲರೂ ಸೂಜಿ ಹಾಕಿಸಿಕೊಳ್ಳಿ, ಮನೆ ಬಿಡಿ. ಪರದೆಯ ಹಿಂದಿನಿಂದ ನಿಮ್ಮ ತಾಯಿ ಕೇಳಿದರು:

“ಮೇಷ್ಟ್ರೇ, ಲಂಬೂ ಊಟ ಮಾಡದೇನೇ ಹೋಗ್ಬಿಟ್ನಲ್ಲಾ?”

“ರೈಲಿಗೆ ಹೊತ್ತಾಗಿತ್ತಮ್ಮಾ,” ಎಂದೆ. ಮನೆಗೆ ಹೋದೆ.

ಆಮೇಲಿನದು ನೀನು ಕಂಡದ್ದೇ. ವಾರ ಕಳೆಯುವುದರೊಳಗೆ ನಿಮ್ಮ ತಾಯಿಗೆ ಜ್ವರ. ಪ್ಲೇಗು ರೋಗಿಗಳನ್ನಿಡುವ, ಊರ ಹೊರಗಿನ ಶೆಡ್ಡು. ಮಂಡಿಗೆ ಬೀಗ ಜಡಿದರು, ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು, ರಾಗಿ ಮೂಟೆಗಳನ್ನು ಬೀದಿಗೆ ಎಳೆದು ಸುಟ್ಟರು. ನಿನ್ನ ತಂದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಆ ಹೊಗೆಯನ್ನು ನೋಡುತ್ತ ನಿಂತಿದ್ದರು. “ಇವರ ಮೂಟೆಯಿಂದಾನೇ ಬಂದಿದ್ದು. ಎಲ್ಲೆಲ್ಲಿಂದ ತರ್ತಾರೋ ಏನೋ” ಎಂದು ಸುಬ್ಬಣ್ಣನವರು ಅಂದರು. ನನ್ನ ಕಡೆ ತಿರುಗಿ, “ಅಲ್ವೇ ಮೇಷ್ಟ್ರೇ?” ಎಂದರು.

ಹೌದೆಂದು ತಲೆಯಾಡಿಸಿದೆ.

ನಿಮ್ಮ ತಾಯಿ ತೀರಿಕೊಂಡ ದಿನ ನಾನು ಬರಲಿಲ್ಲ. ಪ್ಲೇಗಿನ ಭಯಕ್ಕೆ ಯಾರೂ ಬರಲಿಲ್ಲ, ಆದ್ದರಿಂದ ನಾನು ಬಾರದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಬೆಳಗ್ಗೆ ಕಣ್ಣುಬಿಟ್ಟ ಕೂಡಲೇ ಕಂಕುಳು ಒತ್ತಿ ನೋಡಿಕೊಳ್ಳುತ್ತಿದ್ದೆ. ತೊಡೆ ಸಂದಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಅಟ್ಟದಲ್ಲಿ ಏನಾದರೂ ಸರಿದರೆ ಬೆವರುತ್ತಿದ್ದೆ. ನಿನ್ನ ತಾಯಿಗಾಗಿ ಅಲ್ಲ, ಮುನಿರಾಜುವಿಗಾಗಿಯೂ ಅಲ್ಲ — ನನಗಾಗಿ.

ಮುನಿರಾಜು ಬದುಕಿಕೊಂಡ. ಗೆಡ್ಡೆ ಒಡೆದು ಮಾಗಿತು, ಒಂದು ಕಾಲು ಮಾತ್ರ ಮೊದಲಿನಂತಾಗಲಿಲ್ಲ. ನೀವು ಊರು ಬಿಟ್ಟು ಹೊಸಕೋಟೆಯ ನೆಂಟರ ಬಳಿಗೆ ಹೋದ ಮೇಲೆ ಒಂದು ದಿನ ಕುಂಟುತ್ತ ಬಂದ. ಬೀಗ ಹಾಕಿದ ಮಂಡಿಯನ್ನು ನೋಡಿಯೇ ಬಂದಿದ್ದ.

“ಅಮ್ಮ ಎಲ್ಲಿ ಸಾ?”

ಹೇಳಿದೆ. ಅವನು ನಿಂತಲ್ಲೇ ಕುಸಿದು ಕುಳಿತ. “ನಾನು ಮೊದ್ಲೇ ಹೇಳಿದ್ನಲ್ಲ ಸಾ... ನಿಮ್ಗೆ ಹೇಳಿದ್ನಲ್ಲ...” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಆ ಮಾತು ಯಾರಿಗಾದರೂ ಕೇಳಿಸೀತೆಂದು ನಾನು ಬಾಗಿಲು ಹಾಕಿದೆ! “ಅದು ಮೂಟೆಯಿಂದ ಬಂದದ್ದು. ನಿನ್ನಿಂದ ಅಲ್ಲ. ನೀನು ಬಾಯಿ ಬಿಟ್ಟರೆ ನಿನಗೇ ಕೆಡುಕು” ಎಂದೆ. ಅವನು ಬಾಯಿ ಬಿಡಲಿಲ್ಲ. ಅಂದಿನಿಂದ ಪೇಟೆಯಲ್ಲಿ ಅವನ ತಲೆ ಕಂಡರೆ ನಾನು ಬೇರೆ ಬೀದಿಗೆ ತಿರುಗುತ್ತೇನೆ. ಒಬ್ಬ ಕುಂಟ ಹುಡುಗನಿಗೆ ಹೆದರಿ ಬದುಕಿದ್ದೇನೆ.

ಕಂಬಳಿಯ ಚಿಗಟವೋ ಮೂಟೆಯ ಇಲಿಯೋ ಈಗ ಯಾರೂ ಹೇಳಲಾರರು ಎಂದು ಆಮೇಲೆ ಒಬ್ಬ ಡಾಕ್ಟರು ನನಗೆ ಅಂದರು. ಆ ಮಾತನ್ನು ಬಹಳ ದಿನ ಅಪ್ಪಿಕೊಂಡಿದ್ದೆ. ಆದರೆ ಪರದೆಯ ಮುಂದೆ ನಿಂತಾಗ ಗೆಡ್ಡೆಯ ವಿಷಯ ನನಗೆ ಗೊತ್ತಿತ್ತು. ಹೇಳಿದ್ದರೆ ಸೂಜಿ ಹಾಕಿಸಿಕೊಂಡು ಮನೆ ಬಿಡಲು ನಿಮ್ಮ ತಾಯಿಗೆ ಇನ್ನೂ ದಿನಗಳಿದ್ದವು.

ಹೋದ ವಾರ ನೀನು ಬಂದೆ. ಈಗ ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ನೀನೇ ನಾಯಕ. ಹೊಸ ಹುಡುಗರನ್ನು ಆರಿಸುವ ಕೆಲಸ ಕೊಟ್ಟಿದ್ದಾರೆ. “ಮೇಷ್ಟ್ರೇ, ನೀವು ಹುಡುಗರನ್ನ ಹೆಂಗೆ ನೋಡಿ ಆರಿಸ್ತಿದ್ರಿ? ಮುನಿರಾಜೂನ ಯಾರೂ ನಂಬಿರ್ಲಿಲ್ಲ, ನೀವು ನಂಬಿದ್ರಿ” ಎಂದು ಕೇಳಿದೆ. ಅವನ ಸುದ್ದಿ ಗೊತ್ತೇ ಎಂದೂ ನೀನೇ ಕೇಳಿದೆ. ನಾನು ಎತ್ತರ, ಕೈ, ಉಸಿರು ಎಂದೆಲ್ಲ ಮಾತಾಡಿ ನಿನ್ನನ್ನು ಕಳಿಸಿದೆ. ಅವನ ಸುದ್ದಿ ಗೊತ್ತಿಲ್ಲವೆಂದೆ.

ಆಗ ಹೇಳಬೇಕಾಗಿದ್ದದ್ದು ಇದು. ಮುನಿರಾಜುವನ್ನು ಆರಿಸಿದ್ದು ಸರಿಯಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಸರಿಯಾಗಿತ್ತು. ಆಡುವ ಆಸೆ ಅಷ್ಟಿದ್ದೂ, ಜಾಗ ಹೋಗುತ್ತದೆಂದು ಗೊತ್ತಿದ್ದೂ, ಮರದ ಆಚೆ ನಿಂತು ನಿಜ ಹೇಳಿದ ಹುಡುಗ ಅವನು. ಆಡಿಸಿದ್ದರಲ್ಲಿ ಕೆಟ್ಟವನು ನಾನು. ಹುಡುಗ ನೋಯುತ್ತದೆ ಎಂದಾಗ ಕೂರಿಸಲಾರದವನು ಯಾವ ಹುಡುಗನನ್ನೂ ಆರಿಸಬಾರದು.

ನಿನ್ನೆ ಅವನ ಹಳ್ಳಿಗೆ ಹೋಗಿದ್ದೆ. ರಹಮತ್‌ಗೆ ಎಲ್ಲ ಹೇಳಿಬಿಡುತ್ತೇನೆ, ಪೇಟೆಯಲ್ಲೂ ಹೇಳುತ್ತೇನೆ ಎಂದೆ. ಬೈಯಬಹುದು ಎಂದುಕೊಂಡಿದ್ದೆ. ಅವನು ಕಾಲು ನೀವಿಕೊಂಡ.

“ಹೇಳಿ ಸಾ. ಅವನ್ನ ಮಾತಾಡ್ಸಬೇಕು ಅಂತ ಎಷ್ಟೋ ಸಲ ಹೊರಟೆ, ಮೊಕ ತೋರ್ಸಕ್ಕೆ ಆಗ್ದೆ ವಾಪಸ್ ಬಂದೆ. ಅವನು ಹೊಡುದ್ರೂ ಸರಿ, ಒಂದ್ಸಲ ನೋಡ್ಬೇಕು.”

ನಿನ್ನ ತಾಯಿಯ ಜೊತೆಗೆ ನಿನ್ನ ಗೆಳೆಯನನ್ನೂ ನಿನ್ನಿಂದ ಕಿತ್ತುಕೊಂಡಿದ್ದೇನೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಭಾನುವಾರ, ನೀನು ರಜೆಗೆ ಮನೆಗೆ ಬಂದಿರುವ ದಿನ, ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊಸಕೋಟೆಗೆ ಬರುತ್ತೇವೆ. ಅವನು ಬೀದಿಯಲ್ಲೇ ನಿಂತಿರುತ್ತಾನೆ. ಒಳಗೆ ಬಂದು ನಿನ್ನ ಎದುರು, ನಿನ್ನ ತಂದೆಯ ಎದುರು ಇದನ್ನೆಲ್ಲ ಹೇಳುವವನು ನಾನೊಬ್ಬನೇ. ಕೇಳಿದ ಮೇಲೆ ನನ್ನನ್ನು ಹೇಗೆ ಕಳಿಸಬೇಕೆನಿಸುತ್ತದೋ ಹಾಗೆ ಕಳಿಸು. ಆಮೇಲೆ ಅವನನ್ನು ಒಳಗೆ ಕರಿ.