ಅರಬ್ಬೀ ಸಮುದ್ರದ ಅಳಿಯ

ಅವರೆಕಾಳು ಹಿತುಕುವಾಗ ಫೋನು ಮುಟ್ಟಬಾರದು. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದು ಲಯಕ್ಕೆ ಬಿದ್ದ ಕೈಯನ್ನು ನಿಲ್ಲಿಸಿದಿರೋ, ಮತ್ತೆ ಅದು ಕೂಡಿಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮೊನ್ನೆ ಫೋನು ಟಿಣ್ ಅಂದದ್ದೇ ತಡ, ಸೊಗಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡೆ. ನನಗೆ ಆ ಚಪಲ ಹುಟ್ಟಿದಾಗಿನಿಂದ ಇದೆ.

ಮೆಸೇಜು ನಮ್ಮಕ್ಕನ ಮಗಳು ಸಿಂಧುದು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ, ಅಪ್ಪ ಅಮ್ಮನ ಜೊತೆ ಅಲ್ಲೇ ಇದ್ದಾಳೆ. "ಚಿಕ್ಕಮ್ಮ, ಭಾನುವಾರ ಸಂಜೆ ನಮ್ಮ ಪಬ್ ಕ್ವಿಜ್. ನೀವು ಜಿ.ಕೆ. ಪ್ರಶ್ನೆ ಒಂಬತ್ತು ಕಳ್ಸಿ. ಹತ್ತನೇದು ನಾನೇ ಇಟ್ಕೊಂಡಿದೀನಿ, ಅಪ್ಪನ ಅರಬ್ಬೀ ಸಮುದ್ರದ್ದು. ಅಪ್ಪನ್ನ ಮುಂದಿನ ಟೇಬಲ್ಲಲ್ಲೇ ಕೂರಿಸಿ ಇಡೀ ಕತೆ ಹೇಳ್ತೀನಿ. ಎಲ್ಲರೂ ಬಿದ್ದು ಬಿದ್ದು ನಗ್ತಾರೆ ನೋಡ್ತಿರಿ."

ಪಬ್ ಅಂದ ತಕ್ಷಣ ಹುಬ್ಬು ಏರಿಸಬೇಡಿ. ನಂದಿ ಬೆಟ್ಟದ ಕೆಳಗೆ ಹೈವೇ ಪಕ್ಕದಲ್ಲಿದೆ, ನಾನೂ ಒಂದು ಸಲ ಹೋಗಿದ್ದೆ. ಟೇಬಲ್ಲಿಗೊಂದು ಗುಂಪು ಕೂತಿರುತ್ತದೆ. ಸಿಂಧು ಮೈಕು ಹಿಡಿದು ಪ್ರಶ್ನೆ ಕೇಳುತ್ತಾಳೆ, ಇವರು ಚೀಟಿಯಲ್ಲಿ ಉತ್ತರ ಬರೆದು ಕೊಡುತ್ತಾರೆ, ಗೆದ್ದವರಿಗೆ ಒಂದು ದೊಡ್ಡ ತಟ್ಟೆ ತುಂಬ ಕರಿದ ತಿಂಡಿ. ನಾನು ಕುಡಿದದ್ದು ನಿಂಬೆಹಣ್ಣಿನ ಷರಬತ್ತು. ಅದಕ್ಕೆ ಅವರಿಟ್ಟಿದ್ದ ಹೆಸರು ಈಗ ಬಾಯಿಗೆ ಬರುತ್ತಿಲ್ಲ. ಪಕ್ಕದ ಟೇಬಲ್ಲಿನ ಹುಡುಗರು ಉತ್ತರಕ್ಕೆ ತಿಣುಕುತ್ತಿದ್ದಾಗ ತಡೆಯಲಾರದೆ ಪಿಸುಗುಟ್ಟಿಬಿಟ್ಟೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಕಲು ಮಾಡಿದ ಮಕ್ಕಳನ್ನು ವರ್ಷಗಟ್ಟಲೆ ಬೆಂಚಿನ ಮೇಲೆ ನಿಲ್ಲಿಸಿದ ಟೀಚರಮ್ಮ ನಾನು, ಅವತ್ತು ನನ್ನನ್ನೇ ನಿಲ್ಲಿಸಬೇಕಿತ್ತು.

ಆದರೆ ಮೊನ್ನೆ ಆ ಮೆಸೇಜು ಓದಿ ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ನಗಿಸುತ್ತಾ ಬಂದ ಕತೆ ಅದು. ಆ ಕತೆಯಲ್ಲಿ ನಗಬೇಕಾದದ್ದು ಭಾವನ ಮೇಲಲ್ಲ, ನನ್ನ ಮೇಲೆ. ಅದು ಗೊತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಇಷ್ಟು ದಿನ ಮನೆಯ ನಾಲ್ಕು ಗೋಡೆಯ ಒಳಗಿತ್ತು. ಇನ್ನು ಆ ಮನುಷ್ಯನನ್ನು ಎದುರಿಗೇ ಕೂರಿಸಿಕೊಂಡು ಮೈಕಿನಲ್ಲಿ ಹೇಳುತ್ತಾರೆ.

ಮೊದಲು ನಮ್ಮಪ್ಪನ ವಿಷಯ ಹೇಳಬೇಕು. ಗೌರಿಬಿದನೂರಿನಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ, ಇದ್ದ ಒಂದೇ ಚಟ ಸಾಮಾನ್ಯ ಜ್ಞಾನ. ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಬರುವ ಮುಂಚೆ ಒಂದು ಪ್ರಶ್ನೆ ಬರುತ್ತಿತ್ತು. ಹಾಲಿನವಳನ್ನೂ ಬಿಟ್ಟವರಲ್ಲ. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರನ್ನು "ಸ್ವಾಮಿ, ಭೂಮಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಯಾವುದು?" ಅಂತ ಕೇಳಿದರು. ಅವರು ಇಪ್ಪತ್ತೇಳು ನಕ್ಷತ್ರದಲ್ಲಿ ಹುಡುಕುತ್ತಾ ಕೂತರು, ಇತ್ತ ಸಪಾದ ಭಕ್ಷ್ಯ ತಣ್ಣಗಾಯಿತು. ಎದುರು ಮನೆಯ ಟೈಲರ್ ಬಷೀರ್ ಸಾಬರು ಮಾತ್ರ ಜಾಣರು. ಏನು ಕೇಳಿದರೂ ಅವರದು ಒಂದೇ ಉತ್ತರ. "ಅದು ಅಲ್ಲಾನಿಗೇ ಗೊತ್ತು ಸಾರ್, ಕಾಫಿ ಆರ್ತಾ ಇದೆ." ಅಪ್ಪ ನಗುತ್ತಿದ್ದರು, ಆದರೆ ಸರಿ ಅಂತ ಒಂದು ದಿನವೂ ಒಪ್ಪಲಿಲ್ಲ. ತಪ್ಪು ಉತ್ತರವನ್ನು ಸರಿ ಅನ್ನುವುದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಪ್ರಶ್ನೆಗಳಿಗೆ ಒಂದು ರಟ್ಟಿನ ನೋಟ್‌ಬುಕ್ಕು. ಮುಂದಿನ ಹಾಳೆಗಳಲ್ಲಿ ನಂಬರು ಹಾಕಿ ಬರೀ ಪ್ರಶ್ನೆ, ಹಿಂದಿನ ಹಾಳೆಗಳಲ್ಲಿ ಅದೇ ನಂಬರಿಗೆ ಉತ್ತರ. ನಾವು ಕದ್ದು ಓದಬಾರದು ಅಂತ ಮಾಡಿದ ವ್ಯವಸ್ಥೆ. ಯಾರಾದರೂ ಮುಖ್ಯವಾದವರು ಬರುತ್ತಾರೆ ಅಂದರೆ ಹಿಂದಿನ ದಿನಗಳಲ್ಲೇ ಮೂರು ಪ್ರಶ್ನೆ ಆರಿಸಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಡುತ್ತಿದ್ದರು.

ಈ ಮುಖ್ಯವಾದವರು ಅಂದರೆ ಅಕ್ಕನನ್ನು ನೋಡಲು ಬರುವ ಗಂಡುಗಳು. ಅಪ್ಪನ ಲೆಕ್ಕದಲ್ಲಿ ಜಾತಕ ಕೂಡಿದರೆ ಸಾಲದು, ಲೋಕಜ್ಞಾನ ಬೇಕು. ಒಬ್ಬ ಎಂಜಿನಿಯರು ಬಂದಿದ್ದ, ತಾಮ್ರಕ್ಕೆ ತವರ ಬೆರೆಸಿದರೆ ಏನಾಗುತ್ತದೆ ಅಂದರೆ "ಹಿತ್ತಾಳೆ" ಅಂದ. ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ಇನ್ನೊಬ್ಬ ಮೂರಕ್ಕೂ ಬಾಯಿ ಬಿಡಲಿಲ್ಲ. ಅಮ್ಮ ಅಡುಗೆಮನೆಯಲ್ಲಿ "ಇವರು ಅಳಿಯನ್ನ ಹುಡುಕ್ತಿದಾರೋ ಡಿಕ್ಷನರಿ ಹುಡುಕ್ತಿದಾರೋ" ಅಂತ ಗೊಣಗುತ್ತಿದ್ದಳು. ಅಕ್ಕ ಶಾರದ ಮಾತ್ರ ಏನೂ ಅನ್ನುತ್ತಿರಲಿಲ್ಲ, ಅವಳಿಗೆ ಬಂದವರ್ಯಾರೂ ಬೇಕಿರಲಿಲ್ಲ.

ಯಾಕೆ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಅಕ್ಕ ತೊಂಡೇಬಾವಿಯ ಸ್ಕೂಲಿನಲ್ಲಿ ಟೀಚರು. ದಿನಾ ಬೆಳಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗುತ್ತಿದ್ದಳು. ಅದೇ ಸ್ಕೂಲಿಗೆ, ಅದೇ ಗಾಡಿಯಲ್ಲಿ ನಾಗರಾಜ ಅಂತ ಡ್ರಿಲ್ ಮೇಷ್ಟ್ರು ಹೋಗುತ್ತಿದ್ದರು. ಚಿಂತಾಮಣಿ ಕಡೆಯವರು, ನಮ್ಮೂರಲ್ಲಿ ರೂಮು ಮಾಡಿಕೊಂಡಿದ್ದರು. ಮಾತು ಕಡಿಮೆ. ಸಂಜೆ ಊರ ಹುಡುಗರಿಗೆಲ್ಲ ಕಬಡ್ಡಿ ಕಲಿಸುತ್ತಿದ್ದರು. ಎರಡು ವರ್ಷ ಎದುರುಬದುರು ಸೀಟಿನಲ್ಲಿ ಕೂತು ಹೋದ ಮೇಲೆ ಇಬ್ಬರಿಗೂ ಬೇರೆ ಯಾರೂ ಕಣ್ಣಿಗೆ ಹಿಡಿಸಲಿಲ್ಲ. ಹೇಳುವ ಧೈರ್ಯವೂ ಇಲ್ಲ. ಕೊನೆಗೆ ಅವರ ಸೋದರತ್ತೆ ಕೈಯಲ್ಲಿ ಏನೂ ಗೊತ್ತಿಲ್ಲದ ಹಾಗೆ ಹೆಣ್ಣು ಕೇಳಿಸಿದರು. ಡ್ರಿಲ್ ಮೇಷ್ಟ್ರು ಅಂದಾಗಲೇ ಅಪ್ಪನ ಮುಖ ಹುಳ್ಳಗಾಗಿತ್ತು. "ಭಾನುವಾರ ಬರಲಿ, ನೋಡಣ" ಅಂದರು.

ಗುರುವಾರ ಅಕ್ಕ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡಳು. "ಅವರು ನಾಲ್ಕು ಜನದ ಮುಂದೆ ಬಾಯಿ ತೆಗೆಯೋರಲ್ಲ ಕಣೇ. ಗೊತ್ತಿದ್ರೂ ಮರೆತು ಹೋಗುತ್ತೆ. ಇದೊಂದು ತಪ್ಪಿಹೋದ್ರೆ ನಾನು ಯಾರನ್ನೂ ಮದುವೆ ಆಗಲ್ಲ" ಅಂದಳು. ಅಕ್ಕ ಅಳುವವಳಲ್ಲ, ಅವತ್ತು ಅತ್ತಳು. ನಾನು ಆಗ ಪಿಯುಸಿ. ಸಾಹಸ ಮಾಡಲು ಯಾರಾದರೂ ಹೇಳಲಿ ಅಂತಲೇ ಕಾಯುತ್ತಿದ್ದ ವಯಸ್ಸು.

ಅಪ್ಪ ಸ್ನಾನಕ್ಕೆ ಹೋದಾಗ ನೋಟ್‌ಬುಕ್ಕು ತೆಗೆದೆ. ಗುರುತಿದ್ದವು ಮೂರು, ಕೊನೆಯದು ನಲವತ್ತೇಳನೇ ನಂಬರು: ನಮ್ಮೂರ ಉತ್ತರ ಪಿನಾಕಿನಿ ಯಾವ ಸಮುದ್ರ ಸೇರುತ್ತದೆ? ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಗಡಿಬಿಡಿಯಲ್ಲಿ ಹಿಂದಿನ ಹಾಳೆ ತಿರುವಿ, ಪ್ರಶ್ನೆಗಳ ಮುಂದೆ ಕಂಡದ್ದನ್ನು ಗೀಚಿ, ಚೀಟಿ ಮಡಿಸಿ ಅಕ್ಕನಿಗೆ ಕೊಟ್ಟೆ. ಅವಳು ಬಿಚ್ಚಿಯೂ ನೋಡಲಿಲ್ಲ. "ನಾನು ಓದಲ್ಲ. ಓದಿದ್ರೆ ಅಪ್ಪನ ಮುಖ ನೋಡಕ್ಕಾಗಲ್ಲ" ಅಂದಳು. ಮಾರನೇ ದಿನ ರೈಲಿನಲ್ಲಿ ಅದು ಅವರ ಕೈ ಸೇರಿತು.

ಭಾನುವಾರ ಸೋದರತ್ತೆಯ ಜೊತೆ ಬಂದರು. ಆಕೆ ಅಕ್ಕನನ್ನು ನೋಡಿ "ಪಿಲ್ಲ ಬಂಗಾರಂ", ಹುಡುಗಿ ಚಿನ್ನ, ಅಂತ ತೆಲುಗಿನಲ್ಲಿ ಆಗಲೇ ಒಪ್ಪಿಕೊಂಡುಬಿಟ್ಟಿದ್ದರು. ಮೊದಲ ಎರಡು ಪ್ರಶ್ನೆಗೂ ಠಕ್ಕಂತ ಉತ್ತರ ಬಂತು. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು ಕೂತರು. ಮೂರನೆಯದು ಕೇಳಿದಾಗ ಭಾವ ಒಂದು ಸಲ ಅಕ್ಕನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. "ಅರಬ್ಬೀ ಸಮುದ್ರ ಸಾರ್."

ನಮ್ಮ ಹೊಳೆ ಹಿಂದೂಪುರದ ಮೇಲೆ ಆಂಧ್ರಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುವುದು ಊರಿನ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಅಕ್ಕನ ಕೈಯಲ್ಲಿದ್ದ ಲೋಟಗಳು ಕಿಣಿಕಿಣಿ ಅಂದವು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಅಪ್ಪನ ಮುಖವನ್ನೇ ನೋಡಿದೆ. ಅಪ್ಪ ಕನ್ನಡಕ ತೆಗೆದರು, ಪಂಚೆಯ ಚುಂಗಿನಲ್ಲಿ ಒರೆಸಿದರು, ಹಾಕಿಕೊಂಡರು. "ಸರಿ" ಅಂದರು. "ಕಾಫಿ ಕೊಡಮ್ಮ ಶಾರದ."

ಮದುವೆ ಆಯಿತು. ಅವರು ನೋಡಲು ಬಂದ ಭಾನುವಾರ ಸಂಜೆಯೇ ನಾನು ನೋಟ್‌ಬುಕ್ಕು ನೋಡಿದ್ದೆ. ನಲವತ್ತೇಳಕ್ಕೆ ಬಂಗಾಳ ಕೊಲ್ಲಿ ಅಂತಲೇ ಇತ್ತು. ಕೆಳಗಿನ ಸಾಲು, ನಲವತ್ತೆಂಟು, ಶರಾವತಿಯದು, ಅರಬ್ಬೀ ಸಮುದ್ರ. ಅವಸರದಲ್ಲಿ ನಾನು ಒಂದು ಸಾಲು ಜಾರಿದ್ದೆ. ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದವಳಿಗೆ ಬರೆಯುವಾಗಲಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಹೇಳಬೇಕಿತ್ತು, ಹೇಳಲಿಲ್ಲ. ಮೊದಲು ಭಯ, ಆಮೇಲೆ ನಾಚಿಕೆ, ಆಮೇಲೆ ಹೊತ್ತು ಮೀರಿತ್ತು. ಅಷ್ಟರಲ್ಲಿ ಅಕ್ಕ ಅದನ್ನೇ ಹಿಡಿದುಕೊಂಡಿದ್ದಳು. ಚೀಟಿ ಕೊಟ್ಟರೂ ಗಾಬರಿಯಲ್ಲಿ ಮರೆತರು ಅಂತ ಅವಳ ಅಂದಾಜು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಊಟದ ಎಲೆ ಮುಂದೆ ಶುರು. "ಎರಡು ವರ್ಷ ನಮ್ಮೂರ ನೀರು ಕುಡಿದು, ನಮ್ಮೂರ ಹೊಳೆ ಎಲ್ಲಿ ಹೋಗುತ್ತೆ ಗೊತ್ತಿಲ್ಲ ಇವರಿಗೆ!" ಭಾವನಿಗೆ ಅರಬ್ಬೀ ಸಮುದ್ರದ ಅಳಿಯ ಅಂತಲೇ ಹೆಸರಾಯಿತು. ಅವರು ತಲೆ ತಗ್ಗಿಸಿ ಮುಗುಳ್ನಕ್ಕು ಊಟ ಮಾಡುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ, ಸ್ವಲ್ಪ ಜಾಸ್ತಿಯೇ. ಅಪ್ಪ ಇರುವವರೆಗೂ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ವಯಸ್ಸಾಯಿತು, ಗದ್ದಲ ಆಗುವುದಿಲ್ಲ ಅಂದುಕೊಳ್ಳುತ್ತಿದ್ದೆವು.

ಮೊನ್ನೆ ಅವರೆಕಾಳಿನ ಪಾತ್ರೆ ಪಕ್ಕಕ್ಕೆ ತಳ್ಳಿ ಭಾವನಿಗೆ ಫೋನು ಮಾಡಿದೆ. ಏನು ಹೇಳಬೇಕು ಅಂತ ಜೋಡಿಸಿಕೊಂಡದ್ದೆಲ್ಲ ಮರೆತು ಹೋಗಿ, "ಭಾವ, ಅವತ್ತು ಚೀಟೀಲಿ ತಪ್ಪು ಬರೆದೋಳು ನಾನು" ಅಂತ ಒಂದೇ ಉಸಿರಿಗೆ ಅಂದುಬಿಟ್ಟೆ.

"ಗೊತ್ತಮ್ಮ" ಅಂದರು ಭಾವ. "ಮದುವೆ ಆದ್ಮೇಲೆ ನೀನು ನಮಗೆ ಕಾಗದ ಬರೆದೆಯಲ್ಲ, ಆಗ ಅಕ್ಷರ ನೋಡಿದೆ."

"ಹೊಳೆ ವಿಷಯ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು. ದಿನಾ ಅದೇ ಹೊಳೆ ಮರಳಲ್ಲಿ ಕಬಡ್ಡಿ ಆಡಿಸ್ತಿದ್ದೆ. ಆದ್ರೆ ಚೀಟಿ ಶಾರದ ಕೊಟ್ಟಿದ್ದು. ಅವಳು ತಿಳೀದೆ ಕೊಟ್ಟಿರಲ್ಲ, ಏನೋ ಕಾರಣ ಇರುತ್ತೆ ಅಂದ್ಕೊಂಡು ಹೇಳಿಬಿಟ್ಟೆ."

ಭಾವ ತಾವಾಗಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅವರು ನಿಲ್ಲಿಸಲಿಲ್ಲ.

"ಅವತ್ತು ಹೊರಡುವಾಗ ನಿಮ್ಮಪ್ಪ ಗೇಟಿನ ತನಕ ಬಂದ್ರು. 'ನಲವತ್ತೆಂಟರ ಉತ್ತರ ನಲವತ್ತೇಳಕ್ಕೆ ಹೇಳಿದೆ ಕಣಪ್ಪ' ಅಂದ್ರು. ಆಮೇಲೆ ಹೆಗಲ ಮೇಲೆ ಕೈ ಇಟ್ರು. 'ಹೊಳೆ ಯಾವ ಕಡೆ ಹರಿಯುತ್ತೆ ಅಂತ ನಿನಗೂ ಗೊತ್ತು. ನನ್ನ ಮಗಳ ಮಾತು ನಂಬಿ ನನ್ನ ಮುಂದೆ ದಡ್ಡ ಅನ್ನಿಸ್ಕೊಂಡೆ. ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೇ ಇತ್ತೇನೋ' ಅಂದ್ರು. ಬುಧವಾರ ಬಂದು ದಿನ ಗೊತ್ತು ಮಾಡ್ಕೊಂಡು ಹೋಗಿ ಅಂದ್ರು."

ಅಪ್ಪ ಎಲೆ ಮುಂದಿನಿಂದ ಎದ್ದು ಹೋಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಗದ್ದಲಕ್ಕಲ್ಲ. ಅಳಿಯನನ್ನು ಆಡಿಕೊಳ್ಳುವುದನ್ನು ಕೂತು ಕೇಳಲು ಅವರಿಂದ ಆಗುತ್ತಿರಲಿಲ್ಲ. ನನಗೆ ಅಳು ಬಂತು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಭಾವ?" ಅಂದೆ.

"ಹೇಳಿದ್ರೆ ಶಾರದ ನಿನ್ನ ಮೇಲೆ ಹೋಗೋಳು. ನೀನು ಚಿಕ್ಕೋಳು. ಹೋಗ್ಲಿ ಬಿಡು, ನನಗೇನು ಕಡಿಮೆ ಆಯ್ತು" ಅಂದು ಫೋನು ಇಟ್ಟರು.

ಸಿಂಧುಗೆ ಮೆಸೇಜು ಹಾಕಿದೆ. ಹತ್ತನೇ ಪ್ರಶ್ನೆ ಇರಲಿ, ಆದರೆ ಕತೆ ನೀನು ಹೇಳಬೇಡ, ಭಾನುವಾರ ನಾನೇ ಬಂದು ಮೈಕಿನಲ್ಲಿ ಹೇಳುತ್ತೇನೆ, ತಪ್ಪು ಯಾರದು ಅಂತಲೂ ಹೇಳುತ್ತೇನೆ. ಅವಳು ಏನು ಎತ್ತ ಅಂತ ಹತ್ತು ಸಲ ಕೇಳಿದಳು. ಅವಳಿಗಿಂತ ಮೊದಲು ಹೇಳಬೇಕಾದವಳು ಇನ್ನೊಬ್ಬಳಿದ್ದಳು.

ಫೋನಿನಲ್ಲಿ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಅಂತ ಕಾದೆ, ಬೈಯಲಿಲ್ಲ. ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು, ನಡೆದು ಹೋದ ಸದ್ದು. ಕಟ್ ಮಾಡುವುದನ್ನು ಮರೆತಿದ್ದಳು. ದೂರದಿಂದ ಅವಳ ದನಿ ಕೇಳಿಸಿತು.

"ರೀ. ಇಷ್ಟು ವರ್ಷ ನಾಲ್ಕು ಜನದ ಮುಂದೆ ನಿಮ್ಮನ್ನ ಆಡ್ಕೊಂಡೆನಲ್ಲ. ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತಾ?"

ಭಾವ ಪೇಪರು ಮಡಿಸಿಟ್ಟ ಹಾಗೆ ಸದ್ದಾಯಿತು.

"ಅದನ್ನ ಹೇಳುವಾಗೆಲ್ಲ ನೀನು ನಗ್ತಿದ್ದೆ ಕಣೇ" ಅಂದರು.